ಟಾಟಾ 407 ಲಾರಿಗೆ ಬಾಲ್ ಜಾಯಿಂಟ್ ಮನೇಲೇ ಹಾಕ್ಬೋದಾ ಅಣ್ಣಾ?

ತಿಂಗಳಿಗೆ ಒಬ್ಬರಾದ್ರೂ ಈ ಪ್ರಶ್ನೆ ಕೇಳ್ತಾರೆ. ಆಲೆಮನೆ ಮುಂದೆ ಬೆಲ್ಲ ಲೋಡ್ ಆಗ್ತಿರುತ್ತೆ, ನಾನು ಟೀ ಲೋಟ ಹಿಡ್ಕೊಂಡು ನಿಂತಿರ್ತೀನಿ, ಪಕ್ಕದ ಗಾಡಿ ಹುಡುಗ ಬಂದು ನಮ್ಮ ಗಾಡಿ ಮುಂದಿನ ಟೈರ್ ನೋಡ್ತಾನೆ, ಬಗ್ಗಿ ಆಕ್ಸಲ್ ನೋಡ್ತಾನೆ, ಆಮೇಲೆ ಶುರು. "ಅಣ್ಣಾ, ನೀವು ಮನೆತವೇ ಕೆಲ್ಸ ಮಾಡ್ಕತೀರಂತಲ್ಲ, ನಂದು ಸ್ಟೇರಿಂಗು ವಸಿ ಜಾಸ್ತಿನೇ ಆಡ್ತಾ ಐತೆ, ಬಾಲ್ ಜಾಯಿಂಟ್ ನಾವೇ ಹಾಕಬೋದಾ?" ಯೂಟ್ಯೂಬಲ್ಲಿ ಅಮೆರಿಕದವನು ಯಾರೋ ಮನೆ ಮುಂದೆ ಪಿಕಪ್ ನಿಲ್ಸಿ ಮಧ್ಯಾಹ್ನದೊಳಗೆ ಮುಗಿಸಿರೋ ವಿಡಿಯೋನೂ ತೋರಿಸ್ತಾನೆ.

ಹಾಕಬೋದು ಕಣಪ್ಪ. ಬಾಲ್ ಜಾಯಿಂಟ್ ಅಂದ್ರೆ ಬಟ್ಟಲೊಳಗೆ ಗುಂಡು ತಿರುಗೋ ಥರದ ಕೀಲು. ಆದ್ರೆ ನೀನು ತೋರಿಸ್ತಿರೋ ಜಾಗದಲ್ಲಿ ನಮ್ಮ 407ಗೆ ಬಾಲ್ ಜಾಯಿಂಟೇ ಇಲ್ಲ. ಅಲ್ಲಿರೋದು ಕಿಂಗ್‌ಪಿನ್.

ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು, ಯಾಕಂದ್ರೆ ಇಲ್ಲೇ ಎಲ್ರೂ ತಪ್ಪೋದು. 1986ರಲ್ಲಿ ಟಾಟಾದವರು ಬಿಟ್ಟ ಕಾಲದಿಂದ 407ಗೆ ಮುಂದೆ ಇರೋದು ಒಂದೇ ಒಂದು ಗಟ್ಟಿ ಕಬ್ಬಿಣದ ತೊಲೆ, ಐ ಬೀಮ್ ಅಂತೀವಲ್ಲ ಅದು. ಅದರ ಎರಡೂ ತುದೀಲಿ ಒಂದೊಂದು ತೂತು. ಚಕ್ರ ಕೂತಿರೋ ಸ್ಟಬ್ ಆಕ್ಸಲ್ಲು ಕವೆ ಥರ ಬಾಯಿ ತೆಗ್ದು ಆ ತುದೀನ ಮೇಲೆ ಕೆಳಗೆ ಕಚ್ಕೊಂಡಿರುತ್ತೆ, ಮೇಲಿಂದ ಕೆಳಗಿನ ತನಕ ಒಂದೇ ದಪ್ಪ ಪಿನ್ ತೂರಿಸಿರ್ತಾರೆ, ಬಾಗಿಲಿಗೆ ಕೀಲು ಇದ್ದಂಗೆ. ಪಿನ್ನು ಬೀಮಿನ ತೂತಲ್ಲಿ ಅಲ್ಲಾಡಲ್ಲ, ಒಂದು ಲಾಕ್ ಪಿನ್ ಹೊಡ್ದು ಬಿಗಿ ಮಾಡಿರುತ್ತೆ. ತಿರುಗೋದು ಸ್ಟಬ್ ಆಕ್ಸಲ್ಲು, ಅದರ ಮೇಲೊಂದು ಕೆಳಗೊಂದು ಬುಷ್, ಅಂದ್ರೆ ಪಿನ್ನಿನ ಸುತ್ತ ಕೂರೋ ಕೊಳವೆ ಇರುತ್ತೆ, ಸವೆಯೋದು ಅದು. ಗಾಡಿ ಮುಂದಿನ ಭಾರ ಪೂರ್ತಿ ಕೂರೋದು ಬೀಮಿಗೂ ಕೆಳಗಿನ ಕವೆಗೂ ನಡುವೆ ಇರೋ ಥ್ರಸ್ಟ್ ಬೇರಿಂಗ್ ಮೇಲೆ.

ಆ ಅಮೆರಿಕದವನ ಪಿಕಪ್ಪು ಫೋರ್ ವೀಲ್ ಡ್ರೈವು. ಮುಂದಿನ ಚಕ್ರಕ್ಕೂ ಎಂಜಿನ್ನಿಂದ ಶಾಫ್ಟ್ ಹೋಗ್ಬೇಕು, ಆ ಶಾಫ್ಟು ಸರಿಯಾಗಿ ಕೀಲು ಇರೋ ಜಾಗದ ನಡುವೇನೇ ಹಾದು ಹೋಗುತ್ತೆ. ಮೇಲಿಂದ ಕೆಳಗೆ ಒಂದೇ ಪಿನ್ ಹೊಡೆದ್ರೆ ಶಾಫ್ಟಿಗೆ ಜಾಗ ಎಲ್ಲಿ? ಅದಕ್ಕೆ ಮೇಲೊಂದು ಕೆಳಗೊಂದು ಬೇರೆ ಬೇರೆ ಕೀಲು. ಅವರಲ್ಲೂ ಮೊದ್ಲು ಅದು ಗಿಡ್ಡ ಕಿಂಗ್‌ಪಿನ್ನೇ ಆಗಿತ್ತು, ಫೋರ್ಡ್ ಎಫ್-350ಗೆ ಬರ್ತಿದ್ದ ಡಾನಾ 60 ಆಕ್ಸಲ್ಲಿಗೆ 1991ರ ಮಾಡೆಲ್ ತನಕ ಕಿಂಗ್‌ಪಿನ್, 1992ರಿಂದ ಬಾಲ್ ಜಾಯಿಂಟ್. ಆ ವಿಡಿಯೋ ನೋಡಿ ನಮ್ಮ ಗಾಡಿ ಬಿಚ್ಚಿದ್ರೆ ಅರ್ಧಕ್ಕೆ ಕೈ ಕಟ್ಕೊಂಡು ಕೂತ್ಕೋಬೇಕಾಗುತ್ತೆ.

ಹಂಗಂತ 407ಗೆ ಬಾಲ್ ಜಾಯಿಂಟ್ ಇಲ್ವೇ ಇಲ್ಲ ಅಂತಲ್ಲ. ಎರಡೂ ಮುಂದಿನ ಚಕ್ರ ಜೋಡಿಸೋ ಸರಳಿನ ತುದಿ ಟೈರಾಡ್ ಎಂಡು, ಸ್ಟೇರಿಂಗ್ ಕಡೆಯಿಂದ ಚಕ್ರಕ್ಕೆ ಬರೋ ಸರಳಿನ ತುದಿ ಡ್ರ್ಯಾಗ್ ಲಿಂಕ್ ಎಂಡು, ಅವೆಲ್ಲ ಬಾಲ್ ಜಾಯಿಂಟೇ. ನಮ್ಮ ಕಡೆ ಮೆಕ್ಯಾನಿಕ್ಕು "ಬಾಲ್ ಜಾಯಿಂಟ್ ಹೋಗದೆ" ಅಂದ್ರೆ ಮುಕ್ಕಾಲು ಪಾಲು ಅದನ್ನೇ ಹೇಳ್ತಿರ್ತಾನೆ. ಅದು ಕಿಂಗ್‌ಪಿನ್ನಿನ ಮುಂದೆ ಏನೂ ಅಲ್ಲ, ಅರ್ಧ ದಿನದ ಕೆಲಸ.

ಅದಕ್ಕೇ ಸ್ಪ್ಯಾನರ್ ಮುಟ್ಟೋಕೆ ಮುಂಚೆ ಹೋಗಿರೋದು ಯಾವುದು ಅಂತ ನೋಡು. ನಮ್ಮನೇಲಿ ಇದನ್ನ ಮೂರು ಜನ ಮಾಡ್ತೀವಿ. ಬೀಮಿಗೆ ಜಾಕಿ ಕೊಟ್ಟು ಚಕ್ರ ನೆಲ ಬಿಡೋ ಹಂಗೆ ಎತ್ತೋದು, ನಾನು ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಇಟ್ಟು ಒಳಗೆ ಹೊರಗೆ ಅಲ್ಲಾಡಿಸೋದು, ಅಪ್ಪ ಒಳಗಡೆ ಟಾರ್ಚ್ ಹಿಡ್ದು ಕೀಲಿನ ಹತ್ರ ನೋಡೋದು. ಕಟಕ್ ಕಟಕ್ ಅಂತ ಆಟ ಸಿಕ್ತು ಅಂದ್ಕೋ. ಈಗ ಅಮ್ಮ ಸೆರಗು ಸೊಂಟಕ್ಕೆ ಸಿಗಿಸ್ಕೊಂಡು ಕ್ಯಾಬಿನ್ ಹತ್ತಿ ಬ್ರೇಕ್ ತುಳೀತಾರೆ. ಬ್ರೇಕ್ ಹಿಡಿದಾಗ ಆಟ ನಿಂತೋದ್ರೆ ಅದು ವೀಲ್ ಬೇರಿಂಗು, ಯಾಕಂದ್ರೆ ಬ್ರೇಕು ಚಕ್ರದ ಹಬ್ಬನ್ನೂ ಸ್ಟಬ್ ಆಕ್ಸಲ್ಲನ್ನೂ ಸೇರಿಸಿ ಹಿಡ್ಕೊಳುತ್ತೆ. ಬ್ರೇಕ್ ತುಳಿದ್ರೂ ಅಷ್ಟೇ ಆಡ್ತಿದ್ರೆ ಕಿಂಗ್‌ಪಿನ್ ಬುಷ್. ಇನ್ನು ಟೈರಿನ ಆ ಪಕ್ಕ ಈ ಪಕ್ಕ ಕೈ ಇಟ್ಟು ಅಲ್ಲಾಡಿಸಿದಾಗ ಮಾತ್ರ ಆಡಿದ್ರೆ ಟೈರಾಡ್ ಕಡೆ ನೋಡು. ಒಂದ್ಸಲ ಅಮ್ಮ ಬ್ರೇಕ್ ತುಳೀತಾ "ಇನ್ನೂ ಎಷ್ಟೊತ್ಲಾ, ಒಲೆ ಮೇಲೆ ಎಸರು ಇಟ್ಟಿದೀನಿ" ಅಂದ್ರು, ಆಟ ನಿಂತೋಯ್ತು, ಬರೀ ವೀಲ್ ಬೇರಿಂಗ್ ನಟ್ ಲೂಸು. ಅವತ್ತು ಗ್ಯಾರೇಜಿಗೆ ಹೋಗಿದ್ರೆ ಕಿಂಗ್‌ಪಿನ್ ಕಿಟ್ಟೇ ಹಾಕಿಸ್ಕೊಂಡು ಬರ್ತಿದ್ವೋ ಏನೋ.

ಸರಿ, ಕಿಂಗ್‌ಪಿನ್ನೇ ಹೋಗಿದೆ ಅಂದ್ಕೋ. ಎತ್ತಿ ನಿಲ್ಲಿಸೋ ವಿಷಯದಲ್ಲಿ ನಾನು ಯಾರ ಮಾತೂ ಕೇಳಲ್ಲ. ನಮ್ಮೂರಲ್ಲಿ ಜಾಕಿ ಕೊಟ್ಟು ಪಕ್ಕಕ್ಕೆ ಎರಡು ಸೈಜುಗಲ್ಲು ಇಟ್ಟು ಕೆಳಗೆ ತೂರ್ಕೊಂಡು ಬಿಡ್ತಾರೆ. ಕಲ್ಲು ಯಾವಾಗ ಸೀಳುತ್ತೆ ಅಂತ ಹೇಳಿ ಸೀಳಲ್ಲ, ಹೈಡ್ರಾಲಿಕ್ ಜಾಕಿ ಸೀಲು ಯಾವಾಗ ಹೋಗುತ್ತೆ ಅಂತಾನೂ ಹೇಳಲ್ಲ, ಮೇಲಾಗಿ ಈ ಕೆಲಸದಲ್ಲಿ ನೀನು ಅದೇ ಬೀಮಿಗೆ ಸಮ್ಟಿಗೇಲಿ ಬಾರಿಸ್ತಿರ್ತೀಯ. ಸ್ಟ್ಯಾಂಡ್ ಇದ್ರೆ ಸ್ಟ್ಯಾಂಡು, ಇಲ್ಲಾಂದ್ರೆ ಅಗಲವಾದ ಗಟ್ಟಿ ಮರದ ದಿಮ್ಮಿ ಅಡ್ಡ ಉದ್ದ ಪೇರಿಸಿ ಅದರ ಮೇಲೆ ಬೀಮ್ ಕೂರಿಸು, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡೆ ಕೊಡು, ಗಾಡಿ ಗೇರಲ್ಲಿರಲಿ. ಮಣ್ಣಿನ ನೆಲದಲ್ಲಿ ಮಾಡ್ಬೇಡ, ಕಣದ ಸಿಮೆಂಟ್ ನೆಲ ಇದ್ರೆ ಅಲ್ಲಿಗೆ ಒಯ್ಯಿ.

ಚಕ್ರ, ಹಬ್ಬು, ಡ್ರಮ್ಮು ಬಿಚ್ಚೋದು ಗೊತ್ತಿರೋದೇ. ಬ್ರೇಕ್ ಬ್ಯಾಕ್‌ಪ್ಲೇಟ್ ಬಿಚ್ಚಿದ ಮೇಲೆ ಪೈಪ್ ಮೇಲೆ ನೇತಾಕ್ಬೇಡ, ತಂತೀಲಿ ಚಾಸಿಗೆ ಕಟ್ಟು. ಟೈರಾಡ್ ಎಂಡ್ ಬಿಡಿಸೋವಾಗ ನಟ್ ಕೂರೋ ಮರೆ (ಥ್ರೆಡ್) ಮೇಲೆ ಹೊಡೀಬೇಡ, ಅದು ಕೂತಿರೋ ಆರ್ಮಿನ ಕಣ್ಣಿಗೆ ಪಕ್ಕದಿಂದ ಒಂದು ಸುತ್ತಿಗೆ ಒತ್ತಿ ಹಿಡ್ದು ಇನ್ನೊಂದು ಕಡೆಯಿಂದ ಒಂದೇಟು ಬಿಗಿಯಾಗಿ ಹಾಕು, ಟಣ್ ಅಂತ ಬಿಡುತ್ತೆ.

ಆಮೇಲೆ ಕಿಂಗ್‌ಪಿನ್. ಇಲ್ಲಿ ನಾನೇ ಮಾಡಿದ ದಡ್ಡತನ ಹೇಳ್ತೀನಿ, ಮೊದಲನೇ ಸಲ ಬಿಚ್ಚಿದಾಗ ಲಾಕ್ ಪಿನ್ ಅನ್ನೋದೊಂದಿದೆ ಅಂತಾನೇ ಗೊತ್ತಿರ್ಲಿಲ್ಲ, ಗ್ರೀಸು ಮಣ್ಣು ಮೆತ್ತಿ ಬೀಮೂ ಅದೂ ಒಂದೇ ಬಣ್ಣ ಆಗಿತ್ತು, ಒಂದು ಗಂಟೆ ಮೇಲಿಂದ ಸಮ್ಟಿಗೆ ಬೀಸಿ ಬೀಸಿ ಕೈಯೆಲ್ಲ ಬೊಬ್ಬೆ, ಪಿನ್ನು ಕೂದಲೆಳೆಯಷ್ಟೂ ಕದಲಿಲ್ಲ. ಅಪ್ಪ ಬಂದು ಡೀಸೆಲ್ ಹಾಕಿ ವೈರ್ ಬ್ರಷ್‌ನಲ್ಲಿ ಉಜ್ಜಿ ಉಗುರಲ್ಲಿ ಕೆರೆದು ತೋರಿಸಿದ್ರು, "ಇದ ತೆಗೀದೆ ಹುಣಸೆಮರಕ್ಕೆ ಹೊಡ್ದಂಗೆ ಹೊಡೀತಾ ಇದ್ಯಲ್ಲಾ" ಅಂತ. ಲಾಕ್ ಪಿನ್ನು ಒಂದು ಕಡೆ ಸಣ್ಣ ಇನ್ನೊಂದು ಕಡೆ ದಪ್ಪ ಇರುತ್ತೆ, ನಟ್ ಇರೋದು ಸಣ್ಣ ಕಡೆ. ನಟ್ ಬಿಚ್ಚಿ ಆ ಕಡೆಯಿಂದ್ಲೇ ಹೊಡೀಬೇಕು. ಅದು ಬಂದ್ಮೇಲೆ ಮೇಲಿನ ಕೆಳಗಿನ ಮುಚ್ಚಳ ತೆಗ್ದು, ಹಿಂದಿನ ರಾತ್ರೀನೇ ಡೀಸೆಲ್ಲು ಬಿಟ್ಟಿಟ್ಟು, ಹಿತ್ತಾಳೆ ದಂಡ ಇಟ್ಟು ಹೊಡಿ. ನೇರವಾಗಿ ಪಿನ್ ತಲೆಗೆ ಸುತ್ತಿಗೆ ಕೊಟ್ರೆ ಅದು ಹದ ಹಾಕಿದ ಉಕ್ಕು, ಚೂರು ಹಾರಿ ಕಣ್ಣಿಗೆ ಬೀಳುತ್ತೆ. ಕನ್ನಡಕ ಹಾಕ್ಕೋ, ಬಿಸಿಲಿಗೆ ಹಾಕೋ ಕಪ್ಪು ಕನ್ನಡಕವಲ್ಲ. ಗ್ಯಾಸ್ ಇಟ್ಟು ಬೀಮನ್ನ ಕೆಂಪಗೆ ಕಾಯಿಸಿ ಪಿನ್ ಬಿಡಿಸ್ತೀವಿ ಅನ್ನೋರನ್ನ ಗೇಟ್ ಒಳಗೆ ಬಿಡ್ಬೇಡ, ಬೀಮಿನ ಹದ ಹೋದ್ರೆ ವಾಪಸ್ ಬರಲ್ಲ.

ಇಲ್ಲಿಗೆ ಮನೆ ಕೆಲಸಕ್ಕೆ ಬ್ರೇಕು. ಸ್ಟಬ್ ಆಕ್ಸಲ್ ಎರಡೂ ಗೋಣಿಚೀಲಕ್ಕೆ ಹಾಕಿ ಬೈಕಲ್ಲಿ ಇಟ್ಕೊಂಡು ಮಂಡ್ಯದ ಲೇತ್ ಅಂಗಡಿಗೆ ಹೋಗ್ತೀನಿ. ಬುಷ್ ಹೊಡೆಯೋದು, ರೀಮರ್ ಬಿಡೋದು, ಅಂದ್ರೆ ತೂತನ್ನ ಅಳತೆಗೆ ಸರಿಯಾಗಿ ಕೆರೆಯೋದು, ಅಲ್ಲೇ ಆಗ್ಬೇಕು. ಹೊಸ ಬುಷ್ಷು ಒಳಗೆ ಹೋದಾಗ ಸ್ವಲ್ಪ ಕುಗ್ಗಿರುತ್ತೆ, ಪಿನ್ ಹೋಗಲ್ಲ. ಉದ್ದ ರೀಮರಲ್ಲಿ ಮೇಲಿನದೂ ಕೆಳಗಿನದೂ ಒಂದೇ ಗೆರೇಲಿ ಬರೋ ಹಂಗೆ ಬಿಡ್ಬೇಕು. ಒಂದೊಂದನ್ನೇ ಎಮರಿ ಪೇಪರಲ್ಲಿ ಉಜ್ಜಿ ಕೂರಿಸೋರು ಇದಾರೆ, ಹಳೇ ಬುಷ್‌ಗೆ ತಗಡು ಸುತ್ತಿ ತೂರಿಸೋರೂ ಇದಾರೆ, ಅದು ಎಫ್‌ಸಿ (ಗಾಡಿ ಫಿಟ್ನೆಸ್ ಸರ್ಟಿಫಿಕೇಟ್) ಮಾಡಿಸೋ ತನಕ ಅಷ್ಟೇ. ಸರಿಯಾಗಿ ರೀಮ್ ಆಗಿದ್ರೆ ಎಣ್ಣೆ ಹಚ್ಚಿದ ಪಿನ್ನು ಹೆಬ್ಬೆಟ್ಟಲ್ಲಿ ಒತ್ತಿದ್ರೆ ಸುಯ್ಯಂತ ಇಳಿಬೇಕು, ಅಲ್ಲಾಡಿಸಿದ್ರೆ ಅಲ್ಲಾಡಬಾರ್ದು.

ಮತ್ತೆ ಲೇತಿನವನ ಪಕ್ಕದಲ್ಲೇ ನಿಂತ್ಕೋ. ಯಾಕೆ ಅಂತ ಹೇಳ್ತೀನಿ. ಅದೇ ಮೊದಲನೇ ಸಲ ಬುಷ್ ಹೊಡೀವಾಗ ನಾನು ಹೊರಗಡೆ ಫೋನಲ್ಲಿ ಮಾತಾಡ್ತಾ ಇದ್ದೆ. ತಂದು ಜೋಡಿಸಿದ್ದಾಯ್ತು, ಗಾಡಿ ಹೊಸದರ ಥರ ಓಡ್ತು. ಮುಂದಿನ ವಾರ ಗ್ರೀಸ್ ಗನ್ ಹಿಡ್ದು ಒತ್ತಿದ್ರೆ ಬಲಗಡೆ ಕೆಳಗಿನ ನಿಪ್ಪಲ್ಲಿಗೆ, ಅಂದ್ರೆ ಗ್ರೀಸ್ ಒತ್ತೋ ಮೂತಿಗೆ, ಹೋಗ್ತಾನೇ ಇಲ್ಲ, ಗ್ರೀಸೆಲ್ಲ ನಿಪ್ಪಲ್ ತುದೀಲೇ ವಾಪಸ್ ಬರ್ತಿದೆ. ನಿಪ್ಪಲ್ ಕಟ್ಕೊಂಡಿದೆ ಅಂತ ಹೊಸ ನಿಪ್ಪಲ್ ಹಾಕ್ದೆ. ಅದೇ ಕತೆ. ಹೋಗ್ಲಿ ಬಿಡು ಅಂತ ಬಿಟ್ಟೆ, ಬಿಟ್ಟಿದ್ದೇ ತಪ್ಪು. ನಾಲ್ಕೈದು ತಿಂಗಳಿಗೆ ಸ್ಟೇರಿಂಗ್ ಬಿಗಿ ಆಗ್ತಾ ಬಂತು, ನಾಲೆ ಏರಿ ಮೇಲಿನ ತಿರುವಲ್ಲಿ ತಿರುಗ್ಸಿದ್ರೆ ತಾನಾಗಿ ವಾಪಸ್ ಬರ್ತಿರ್ಲಿಲ್ಲ, ಎಳ್ದು ನೇರ ಮಾಡ್ಕೋಬೇಕು, ಒಂದು ಕಡೆ ನಾಲೆ ನೀರು ಒಂದು ಕಡೆ ಗದ್ದೆ, ಗಾಡೀಲಿ ಭತ್ತದ ಲೋಡು. ಬಿಚ್ಚಿ ನೋಡಿದ್ರೆ ಬುಷ್‌ನ ಗ್ರೀಸ್ ತೂತು ಸ್ಟಬ್ ಆಕ್ಸಲ್ಲಿನ ತೂತಿಗೆ ಎದುರಾಗೇ ಇಲ್ಲ, ಒಂದು ಬೆರಳು ಪಕ್ಕಕ್ಕೆ ತಿರುಗಿ ಕೂತಿದೆ. ಪಿನ್ನಿನ ಕೆಳಗಿನ ಭಾಗ ಒಣಗಿ ಕಂದು ಬಣ್ಣ, ಉಗುರು ಆಡಿಸಿದ್ರೆ ಮೆಟ್ಟಿಲು ಸಿಕ್ಕೋಷ್ಟು ಸವೆದಿತ್ತು. ಮೇಲಿನ ಭಾಗ ಕನ್ನಡಿ. ಒಂದೇ ಪಿನ್ನು.

ಅವತ್ತಿಂದ ಬುಷ್ ಹೊಡೆದ ತಕ್ಷಣ, ರೀಮ್ ಮಾಡೋಕೂ ಮುಂಚೆ, ನಿಪ್ಪಲ್ ತೂತಿಗೆ ಊದುಬತ್ತಿ ಕಡ್ಡಿ ಹಾಕಿ ನೋಡ್ತೀನಿ, ಒಳಗಡೆ ಕಡ್ಡಿ ತುದಿ ಕಾಣ್ಬೇಕು. ಲೇತಿನವರು ನಗ್ತಾರೆ, ನಗಲಿ.

ಜೋಡಿಸೋವಾಗ ಎರಡು ವಿಷಯ. ಥ್ರಸ್ಟ್ ಬೇರಿಂಗ್ ಬೀಮಿನ ಕೆಳಗೇ ಬರ್ಬೇಕು, ಮೇಲಿನ ಸಂದಿಗೆ ಬರೋದು ಶಿಮ್ಮು, ತೆಳು ತಗಡಿನ ಬಿಲ್ಲೆ. ಶಿಮ್ ಕಮ್ಮಿ ಆದ್ರೆ ಸ್ಟಬ್ ಆಕ್ಸಲ್ ಮೇಲೆ ಕೆಳಗೆ ಕುಣಿಯುತ್ತೆ, ಜಾಸ್ತಿ ಆದ್ರೆ ಬಿಗಿ. ಕೈಯಲ್ಲಿ ತಿರುಗ್ಸಿದ್ರೆ ಆರಾಮಾಗಿ ತಿರುಗಬೇಕು. ಆಮೇಲೆ ಲಾಕ್ ಪಿನ್ನಿಗೆ ಪಿನ್ನಲ್ಲಿರೋ ಕಚ್ಚು ಎದುರಾಗಿದೆಯಾ ನೋಡಿ ಹೊಡಿ, ಬಲವಂತ ಮಾಡ್ಬೇಡ.

ಟೈರಾಡ್ ಎಂಡ್ ಬದಲಾಯಿಸಿದ್ರೆ ಹಳೇದು ಎಷ್ಟು ಸುತ್ತು ಬಂತು ಅಂತ ಎಣಿಸ್ಕೊಂಡು ಹೊಸದನ್ನ ಅಷ್ಟೇ ಸುತ್ತು ಹಾಕು, ಒಂದು ಕಡೆ ಮರೆ ಉಲ್ಟಾ ಇರುತ್ತೆ ನೆನಪಿರಲಿ. ಅಲೈನ್‌ಮೆಂಟಿಗೆ ಹೋಗೋ ತನಕ ಮನೇಲೇ ಒಂದು ಅಂದಾಜು ಸಿಗುತ್ತೆ. ಮುಂದಿನ ಎರಡೂ ಟೈರಿನ ನಡುಮಧ್ಯ ಸೀಮೆಸುಣ್ಣದ ಗುರುತು ಹಾಕಿ, ಮುಂದುಗಡೆ ಟೇಪ್ ಹಿಡ್ದು ಅಳತೆ ತಗೋ, ಗಾಡೀನ ಮುಂದಕ್ಕೆ ತಳ್ಳಿ ಅದೇ ಗುರುತು ಹಿಂದಕ್ಕೆ ಬಂದಾಗ ಮತ್ತೆ ಅಳಿ. ಮುಂದಿನ ಅಳತೆ ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರ್ ಕಮ್ಮಿ ಇದ್ರೆ ಮಂಡ್ಯ ತನಕ ಟೈರ್ ತಿನ್ನದೆ ಹೋಗುತ್ತೆ.

ಖರ್ಚೆಷ್ಟು ಅಂತಾನೂ ಕೇಳ್ತಾರೆ. ನಾನು ರೇಟ್ ಹೇಳಿದ್ರೆ ಮುಂದಿನ ಸುಗ್ಗಿಗೆ ಸುಳ್ಳಾಗುತ್ತೆ. ಉಳಿಯೋದು ಬಿಚ್ಚಿ ಜೋಡಿಸೋ ಕೂಲಿ ಮಾತ್ರ, ಕಿಟ್ಟಿನ ದುಡ್ಡೂ ಲೇತಿನ ದುಡ್ಡೂ ಕೊಡ್ಲೇಬೇಕು, ಮೊದಲನೇ ಸಲ ಎರಡು ದಿನ ಗಾಡಿ ನಿಲ್ಲುತ್ತೆ, ಬಾಡಿಗೆ ಹೋಗುತ್ತೆ. ದುಡ್ಡು ಉಳಿಸೋಕೆ ಅಂತ ಇಳಿಯೋದಾದ್ರೆ ಬೇಡ. ಆ ಗ್ರೀಸ್ ತೂತು ಎದುರಾಗಿದೆ ಅಂತ ನನ್ನ ಕಣ್ಣಲ್ಲೇ ನೋಡಿದ್ರೆ ನಿದ್ದೆ ಬರುತ್ತೆ, ಅದಕ್ಕೆ ನಾನು ಮಾಡ್ಕೋತೀನಿ.

ಇನ್ನು ಕೆಲವರು, "ಪವರ್ ಸ್ಟೇರಿಂಗ್ ಹಾಕ್ಸಿಬಿಟ್ರೆ ಇವ್ಯಾವ್ದೂ ಬ್ಯಾಡ ಅಲ್ವೇನಣ್ಣಾ" ಅಂತಾರೆ. ಪವರ್ ಸ್ಟೇರಿಂಗ್ ಇದ್ರೆ ಪಿನ್ನು ಬಿಗಿ ಹಿಡಿದಿರೋದು ಕೈಗೆ ಗೊತ್ತೇ ಆಗಲ್ಲ ಅಷ್ಟೇ, ಸವೆತ ಅದರ ಪಾಡಿಗೆ ಅದು ಸವೀತಿರುತ್ತೆ. ಅದು ಇದ್ರೂ ಇಲ್ದಿದ್ರೂ ಕಬ್ಬಿನ ಗದ್ದೆ ಕೆಸರಲ್ಲಿ ಇಳಿಸಿ ತಂದ ಮಾರನೇ ದಿನ ಬೀಮಿಗೆ ಜಾಕಿ ಕೊಟ್ಟು ಚಕ್ರ ಎತ್ತಿ ಗ್ರೀಸ್ ಹೊಡಿ. ಭಾರ ಕೂತಿದ್ರೆ ಥ್ರಸ್ಟ್ ಬೇರಿಂಗ್ ಸಂದಿಗೆ ಗ್ರೀಸ್ ಸರಿಯಾಗಿ ಹೋಗಲ್ಲ. ಹಳೇ ಕಪ್ಪು ಗ್ರೀಸು ಆಚೆ ಬಂದು, ಹಿಂದೆನೇ ಹೊಸದು ಕಾಣೋ ತನಕ ಒತ್ತು.