ಚಾಕ್‌ಪೀಸ್ ಪುಡಿ

"ಸರ್, ನಿಮ್ಮ ಹುಬ್ಬಿನ ಮೇಲೆ ಚಾಕ್‌ಪೀಸ್ ಪುಡಿ ಇದೆ."

ಮೊದಲ ಬೆಂಚಿನ ಹುಡುಗಿ ಹಾಗಂದಾಗ ನಾನು ಟೆಸ್ಟ್ ಪೇಪರ್ ಹಂಚುತ್ತಿದ್ದೆ. ಬೆರಳಿಂದ ಹುಬ್ಬು ಒರೆಸಿಕೊಂಡೆ. ಕರಿ ಪ್ಯಾಂಟಿನ ಮೇಲೆ ಬಿಳಿ ಪುಡಿ ಉದುರಿತು. "ಇನ್ನೂ ಇದೆ ಸರ್" ಎಂದಳು. ಮತ್ತೆ ಒರೆಸಿದೆ, ಮತ್ತಷ್ಟು ಉದುರಿತು. "ಚಾಕ್‌ಪೀಸ್ ಸಹವಾಸ ಕಣಮ್ಮಾ, ಏನ್ ಮಾಡೋದು" ಎಂದು ನಕ್ಕು ಮುಂದಿನ ಬೆಂಚಿಗೆ ಹೋದೆ. ಅವತ್ತು ಬೆಳಗಿನಿಂದ ನಾನು ಚಾಕ್‌ಪೀಸ್ ಮುಟ್ಟೇ ಇರಲಿಲ್ಲ.

ಆದರೆ ಆ ಹುಡುಗಿ ತನಗೇ ಗೊತ್ತಿಲ್ಲದೆ ನನಗೊಂದು ದೊಡ್ಡ ಉಪಕಾರ ಮಾಡಿದ್ದಳು. ಗಣಿತದ ಮೇಷ್ಟ್ರ ಮುಖದ ಮೇಲೆ ಬಿಳಿ ಪುಡಿ ಇದ್ದರೆ ಯಾರು ತಾನೇ ಅನುಮಾನ ಪಡುತ್ತಾರೆ? ಮುಂದಿನ ಎರಡು ವರ್ಷ ನಾನು ಅದೇ ಸುಳ್ಳಿನ ಆಸರೆಯಲ್ಲಿ ಕಾಲ ತಳ್ಳಿದೆ. ಸ್ಟಾಫ್ ರೂಮಿಗೆ ಹೋಗುವ ಮುಂಚೆ ಬೇಕೆಂದೇ ಡಸ್ಟರನ್ನು ಒಂದು ಸಲ ಜೋರಾಗಿ ಕೊಡವಿ, ಅಂಗಿಯ ತೋಳಿಗಷ್ಟು ಪುಡಿ ಹತ್ತಿಸಿಕೊಂಡು ಹೋದದ್ದೂ ಉಂಟು.

ಶುರುವಾದದ್ದು ಎಡಹುಬ್ಬಿನ ಕೊನೆಯಲ್ಲಿ. ಆಮೇಲೆ ಮೂಗಿನ ಪಕ್ಕದ ಮಡಿಕೆ, ಹಣೆಯ ಮೇಲೆ ಕೂದಲು ಶುರುವಾಗುವ ಗೆರೆ, ಕಿವಿಯ ಹಿಂದೆ. ತಲೆಹೊಟ್ಟು ಕೆಳಗಿಳಿದಿದೆ ಎಂದುಕೊಂಡು ಶಾಂಪೂ ಬದಲಿಸಿದೆ. ಕಡಿಮೆಯಾಗಲಿಲ್ಲ. ದಿನಾ ಬೆಳಿಗ್ಗೆ ಶೇವ್ ಮಾಡುವ ಮುಂಚೆ ಕನ್ನಡಿಯ ಮುಂದೆ ಹತ್ತು ನಿಮಿಷ ಅದನ್ನು ಕೆರೆದು ತೆಗೆಯುವುದೇ ಒಂದು ಕೆಲಸವಾಯಿತು. ಹೆಬ್ಬೆರಳ ಉಗುರಿಂದ ಅಂಚು ಹಿಡಿದು ಎತ್ತಿದರೆ ಕಾಗೆಬಂಗಾರದ ಪದರದ ಹಾಗೆ ಹೊಳೆಯುತ್ತ ಒಂದೇ ತುಂಡಾಗಿ ಏಳುತ್ತಿತ್ತು. ಹಾಗೆ ಎದ್ದಾಗ ಒಂದು ಬಗೆಯ ಸುಖ ಇರುತ್ತದೆ. ಅನುಭವಿಸಿದವರಿಗೆ ಗೊತ್ತು, ಉಳಿದವರಿಗೆ ಹೇಸಿಗೆ ಅನಿಸಬಹುದು. ಕೆಳಗೆ ನಯವಾದ ಕೆಂಪು ಚರ್ಮ, ನೋಡನೋಡುತ್ತಲೇ ಅದರ ಮೇಲೆ ಸೂಜಿಮೊನೆಯಷ್ಟು ರಕ್ತದ ಚುಕ್ಕೆಗಳು. ಒಂದು, ಎರಡು, ಐದು. ಆ ಚುಕ್ಕೆಗಳಿಗೂ ಆಸ್ಪಿಟ್ಸ್ ಎಂಬ 19ನೇ ಶತಮಾನದ ಆಸ್ಟ್ರಿಯಾದ ವೈದ್ಯನ ಹೆಸರಿದೆಯೆಂದು ಬಹಳ ತಡವಾಗಿ ತಿಳಿಯಿತು. ಅಂತೂ ನಾನು ಪ್ರತಿದಿನ ಬೆಳಿಗ್ಗೆ ನನಗೆ ನಾನೇ ರೋಗಪರೀಕ್ಷೆ ಮಾಡಿಕೊಳ್ಳುತ್ತಿದ್ದೆ, ಫಲಿತಾಂಶ ಓದಲು ಮಾತ್ರ ಬರುತ್ತಿರಲಿಲ್ಲ.

ಮನೆಮದ್ದುಗಳ ಕಾಲ ಆಮೇಲಿನದು. ಮೊದಲು ನಿಂಬೆರಸ. ಕೆರೆದು ಹಸಿಯಾದ ಚರ್ಮಕ್ಕೆ ನಿಂಬೆರಸ ಹಚ್ಚಿದವನು ನಾನು, ಲೆಕ್ಕದ ಮೇಷ್ಟ್ರು, ವಿದ್ಯಾವಂತ. ಬಚ್ಚಲಿನಲ್ಲಿ ನಾನು ಕೂಗಿದ್ದಕ್ಕೆ ನನ್ನ ಹೆಂಡತಿ ಓಡಿ ಬಂದಳು. ಎರಡನೆಯದು ಅರಿಶಿನ. ಉರಿಯಲಿಲ್ಲ, ಆದರೆ ತೊಳೆದ ಮೇಲೂ ಹುಬ್ಬು ಎರಡು ದಿನ ಹಳದಿಯಾಗಿಯೇ ಉಳಿಯಿತು. ಅದಕ್ಕೆ ಚಾಕ್‌ಪೀಸಿನ ನೆಪ ಹೇಳುವಂತಿರಲಿಲ್ಲ (ಹಳದಿ ಚಾಕ್‌ಪೀಸೂ ಇರುತ್ತದಲ್ಲ ಅಂತ ಹೊಳೆದದ್ದು ಎರಡು ದಿನ ಕಳೆದ ಮೇಲೆ). ಲೋಳೆಸರ ತಂಪು ಕೊಟ್ಟಿತು. ಎಲೆ ಕತ್ತರಿಸಿದ ತಕ್ಷಣ ಸಿಪ್ಪೆಯ ಒಳಮೈಯಿಂದ ಹಳದಿ ರಸ ಒಸರುತ್ತದೆ. ಅದು ಚರ್ಮಕ್ಕೆ ಒಗ್ಗುವುದಿಲ್ಲ, ಎಲೆಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ಆ ರಸ ಸುರಿದುಹೋದ ಮೇಲೆ ಒಳಗಿನ ಲೋಳೆಯನ್ನಷ್ಟೇ ತೆಗೆಯಬೇಕು. ಇದು ಗೊತ್ತಾಗುವ ಮುಂಚೆ ಒಂದು ವಾರ ಕೆನ್ನೆಯಲ್ಲಿ ತುರಿಕೆ ತರಿಸಿಕೊಂಡಿದ್ದೆ. ಕೊಬ್ಬರಿ ಎಣ್ಣೆ ಹಚ್ಚಿದರೆ ಪದರ ಮೆತ್ತಗಾಗಿ ತಾನೇ ಬಿಡುತ್ತಿತ್ತು, ಬಿಗಿತವೂ ಇಳಿಯುತ್ತಿತ್ತು. ಆದರೆ ಹುಬ್ಬು ಮತ್ತು ಮೂಗಿನ ಮಡಿಕೆಯಲ್ಲಿ ಯಾಕೋ ಎಣ್ಣೆ ಹಚ್ಚಿದಷ್ಟೂ ಜಾಸ್ತಿಯಾಗುತ್ತಿತ್ತು.

ಇವೆಲ್ಲ ಸಣ್ಣಪುಟ್ಟ ಪೆಟ್ಟುಗಳು. ದೊಡ್ಡ ಪೆಟ್ಟು ಬಿದ್ದದ್ದು ಒಂದು ಟ್ಯೂಬಿನಿಂದ. ಶಾಲೆಯ ವಾರ್ಷಿಕೋತ್ಸವಕ್ಕೆ ನಿರೂಪಣೆ ನನ್ನ ತಲೆಗೆ ಬಿದ್ದಿತ್ತು. ವೇದಿಕೆ, ದೀಪ, ಕ್ಯಾಮೆರಾ. ಚಿಂತೆಗೆ ಮುಖ ಇನ್ನಷ್ಟು ಕೆಂಪೇರಿತು. ಸಹೋದ್ಯೋಗಿಯೊಬ್ಬರು ಮರುಕಪಟ್ಟು, "ನನ್ನ ತಮ್ಮಂಗೆ ಹೀಗೇ ಆಗಿತ್ತು, ಇದು ಹಚ್ಚಿ ನೋಡಿ" ಎಂದು ಅರ್ಧ ಖಾಲಿಯಾದ ಮುಲಾಮು ಕೊಟ್ಟರು. ರಾತ್ರಿ ಹಚ್ಚಿದೆ. ನಾಲ್ಕನೇ ದಿನಕ್ಕೆ ಮುಖ ತೊಳೆದಿಟ್ಟ ತಟ್ಟೆಯ ಹಾಗಿತ್ತು. ಕೈಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಂಡೆ. ವಾರ್ಷಿಕೋತ್ಸವದ ಫೋಟೋಗಳಲ್ಲಿ ನನ್ನಷ್ಟು ಕಳೆಕಳೆಯಾಗಿ ಕಾಣುವವರು ಇನ್ನೊಬ್ಬರಿಲ್ಲ.

ಟ್ಯೂಬ್ ಮುಗಿದಾಗ ಅದನ್ನೇ ತೋರಿಸಿ ಇನ್ನೊಂದು ತಂದೆ, ಆಮೇಲೆ ಮತ್ತೊಂದು. ನಿಲ್ಲಿಸಿದರೆ ಮೂರು ದಿನಕ್ಕೆ ವಾಪಸ್ ಬರುತ್ತಿತ್ತು, ಹಚ್ಚಿದರೆ ಹೋಗುತ್ತಿತ್ತು. ಮೂರು ತಿಂಗಳು ಕಳೆದಿರಬೇಕು. ಮೂಗಿನ ಪಕ್ಕ ಕೆಂಪು ನೂಲಿನಂಥ ಸಣ್ಣ ರಕ್ತನಾಳಗಳು ಕಾಣತೊಡಗಿದವು, ಬಾಯಿಯ ಸುತ್ತ ಸಣ್ಣ ಗುಳ್ಳೆಗಳೆದ್ದವು. ಹೆದರಿ ಒಮ್ಮೆಲೇ ನಿಲ್ಲಿಸಿದೆ. ಆರನೇ ದಿನ ಬೆಳಿಗ್ಗೆ ಎದ್ದರೆ ಮುಖ ಪೂರ್ತಿ ಕೆಂಪು, ಬೆಂಕಿಯ ಹತ್ತಿರ ಕೂತಂಥ ಉರಿ. ಕಣ್ಣಿನ ರೆಪ್ಪೆಯೂ ಊದಿತ್ತು. ಅವತ್ತು ರಜೆ ಹಾಕಿ ಚರ್ಮರೋಗ ತಜ್ಞರ ಹತ್ತಿರ ಹೋದೆ. ಎರಡು ವರ್ಷ ಮುಂಚೆ ಮಾಡಬೇಕಿದ್ದ ಕೆಲಸ.

ಡಾಕ್ಟರು ವಯಸ್ಸಾದ ಹೆಂಗಸು. ಮುಖವನ್ನು ಒಂದು ಕ್ಷಣ ನೋಡಿ, "ಕೈ ಉಗುರು ತೋರ್ಸಿ" ಅಂದರು. ಮುಖಕ್ಕೆ ಬಂದವನ ಉಗುರು ಯಾಕೆ? ತೋರಿಸಿದೆ. ಬಲಗೈಯ ಎರಡು ಉಗುರುಗಳ ಮೇಲೆ ಗುಂಡುಸೂಜಿಯಿಂದ ಚುಚ್ಚಿದಂಥ ಸಣ್ಣ ಕುಳಿಗಳಿದ್ದವು. ನಾನು ಅವನ್ನು ಗಮನಿಸಿರಲೇ ಇಲ್ಲ. ಮೊಣಕೈ ನೋಡಿದರು, ಕಿವಿ ಮಡಚಿ ಹಿಂದೆ ನೋಡಿದರು, ಹೊಕ್ಕುಳೂ ನೋಡಿದರು. ಬೆಳಿಗ್ಗೆ ಎದ್ದಾಗ ಬೆರಳ ಗಂಟುಗಳು ಬಿಗಿಯುತ್ತವೆಯಾ, ಹಿಮ್ಮಡಿ ನೋಯುತ್ತದೆಯಾ ಎಂದು ಕೇಳಿದರು. ಈ ರೋಗ ಕೆಲವರಿಗೆ ಕೀಲುಗಳಿಗೂ ಇಳಿಯುತ್ತದಂತೆ, ಉಗುರಿನಲ್ಲಿ ಗುರುತು ಇರುವವರು ಹೆಚ್ಚು ಎಚ್ಚರವಾಗಿರಬೇಕಂತೆ. ಆಮೇಲೆ ನಾನು ತಂದಿದ್ದ ಟ್ಯೂಬಿನ ಸಣ್ಣಕ್ಷರ ಓದಿ ಕನ್ನಡಕ ತೆಗೆದಿಟ್ಟರು.

"ಮೇಷ್ಟ್ರೇ, ಇದು ಕ್ಲೊಬೆಟಾಸಾಲ್. ಇರೋ ಸ್ಟೀರಾಯ್ಡ್ ಮುಲಾಮುಗಳಲ್ಲೇ ಅತಿ ಜೋರಿಂದು. ಅಂಗಾಲಿಗೆ ಹಚ್ಚೋದನ್ನ ನೀವು ರೆಪ್ಪೆ ಹತ್ರ ಹಚ್ಚಿದೀರಿ."

ಮುಖದ ಚರ್ಮ ತೆಳು, ಔಷಧವನ್ನು ಬೇಗ ಹೀರುತ್ತದೆ, ಚರ್ಮ ಇನ್ನೂ ತೆಳುವಾಗುತ್ತದೆ, ಕಣ್ಣಿನ ಸುತ್ತ ಬಹಳ ದಿನ ಹಚ್ಚಿದರೆ ಕಣ್ಣಿನೊಳಗಿನ ಒತ್ತಡವೂ ಏರಬಹುದು ಎಂದರು. ಬೈಯಲಿಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತೇನೋ. "ಇದು ಸೋರಿಯಾಸಿಸ್. ಅಂಟುರೋಗ ಅಲ್ಲ. ಬುಡಸಮೇತ ಕೀಳಕ್ಕಾಗಲ್ಲ, ಹತೋಟೀಲಿ ಇಟ್ಕೋಬಹುದು" ಎಂದರು.

ಅವರು ವಿವರಿಸಿದ್ದನ್ನು ನಾನು ನನ್ನ ಭಾಷೆಗೆ ಇಳಿಸಿಕೊಂಡದ್ದು ಹೀಗೆ. ಚರ್ಮದ ಕೋಶಗಳು ತಳದ ಪದರದಲ್ಲಿ ಹುಟ್ಟಿ, ಬಲಿಯುತ್ತ ಮೇಲೇರಿ, ಸತ್ತು ಉದುರಲು ಸುಮಾರು ಒಂದು ತಿಂಗಳು ಬೇಕು. ಸೋರಿಯಾಸಿಸ್‌ನಲ್ಲಿ ದೇಹದ ರಕ್ಷಣಾ ಪಡೆ ತಪ್ಪು ತಿಳಿದು ಅವನ್ನು ಅಟ್ಟತೊಡಗುತ್ತದೆ. ಮೂರರಿಂದ ಐದು ದಿನಗಳಲ್ಲಿ ಅವು ಮೇಲಕ್ಕೆ ಬಂದುಬಿಡುತ್ತವೆ. ಒಂದನೇ ಕ್ಲಾಸಿನ ಹುಡುಗರನ್ನೆಲ್ಲ ಏನೂ ಕಲಿಸದೆ ವಾರದೊಳಗೆ ಹತ್ತನೇ ಕ್ಲಾಸಿಗೆ ದಬ್ಬಿದ ಹಾಗೆ. ಬಲಿಯದ ಕೋಶಗಳು ಒಂದಕ್ಕೊಂದು ಅಂಟಿಕೊಂಡು ಬಾಗಿಲಲ್ಲಿ ಜಾತ್ರೆ ಕಟ್ಟುತ್ತವೆ. ನಾನು ಕೆರೆದು ತೆಗೆಯುತ್ತಿದ್ದ ಕಾಗೆಬಂಗಾರ ಅದೇ. ಕೆರೆದಷ್ಟೂ ಚರ್ಮಕ್ಕೆ ಗಾಯ, ಗಾಯವಾದ ಕಡೆಯೇ ಹೊಸ ಸೋರಿಯಾಸಿಸ್. ರೇಜರ್ ಕೊಯ್ದ ಗೆರೆಗುಂಟ ಗಲ್ಲದ ಮೇಲೆ ಒಂದು ನೇರವಾದ ಕೆಂಪು ಪಟ್ಟಿ ಯಾಕೆ ಎದ್ದಿತ್ತು ಎನ್ನುವುದಕ್ಕೂ ಉತ್ತರ ಸಿಕ್ಕಿತು. ಎಣ್ಣೆಯ ಒಗಟಿಗೂ ಸಿಕ್ಕಿತು. ಹುಬ್ಬು, ಮೂಗಿನ ಮಡಿಕೆಗಳಲ್ಲಿ ತಲೆಹೊಟ್ಟಿಗೆ ಕಾರಣವಾಗುವ ಯೀಸ್ಟ್ ಕೂಡ ಸೇರಿಕೊಳ್ಳುತ್ತದೆ, ಅದು ಜಿಡ್ಡು ತಿಂದೇ ಬದುಕುವ ಜೀವ. ನಾನು ಅದಕ್ಕೆ ದಿನಾ ರಾತ್ರಿ ಊಟ ಬಡಿಸುತ್ತಿದ್ದೆ.

ಕೊಟ್ಟ ಔಷಧ ಬಹಳವೇನಿಲ್ಲ. ಒಂದು ವಾರ ಶೇಕಡ 1ರ ಹೈಡ್ರೊಕಾರ್ಟಿಸೋನ್, ಅಂದರೆ ಸ್ಟೀರಾಯ್ಡ್‌ಗಳಲ್ಲೇ ಸಾಧು. ಆಮೇಲೆ ಟ್ಯಾಕ್ರೋಲಿಮಸ್ ಮುಲಾಮು. ವಾರಕ್ಕೆರಡು ಸಲ, ಆ ಯೀಸ್ಟನ್ನು ಅಡಗಿಸುವ ಕಿಟೊಕೊನಜೋಲ್ ಶಾಂಪೂವಿನ ನೊರೆಯನ್ನು ಹುಬ್ಬಿಗೂ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯುವುದು. ಮುಖ ತೊಳೆದ ಮೇಲೆ ಪಸೆ ಆರುವ ಮುಂಚೆ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್. ರೇಜರ್ ಬದಲು ಟ್ರಿಮ್ಮರ್. ಮನೆಮದ್ದುಗಳ ಪಟ್ಟಿ ಒಪ್ಪಿಸಿದಾಗ ಲೋಳೆಸರಕ್ಕೆ "ಇರ್ಲಿ ಬಿಡಿ" ಎಂದರು, ಕೊಬ್ಬರಿ ಎಣ್ಣೆಯನ್ನು ಮೊಣಕೈಗೆ ವರ್ಗ ಮಾಡಿದರು, ನಿಂಬೆರಸಕ್ಕೆ ಮಾತ್ರ ಏನೂ ಹೇಳದೆ ನನ್ನನ್ನೇ ನೋಡಿದರು.

ಟ್ಯಾಕ್ರೋಲಿಮಸ್ ಡಬ್ಬಿಯೊಳಗಿನ ಕಾಗದದಲ್ಲಿ ಎಕ್ಸಿಮಾ ಎಂಬ ಬೇರೆ ಚರ್ಮರೋಗದ ಹೆಸರಿತ್ತೇ ಹೊರತು ಸೋರಿಯಾಸಿಸ್‌ನ ಹೆಸರೇ ಇರಲಿಲ್ಲ. ಔಷಧದಂಗಡಿಯವರು ತಪ್ಪು ಕೊಟ್ಟಿದ್ದಾರೆಂದು ಡಾಕ್ಟರಿಗೆ ಫೋನ್ ಮಾಡಿದೆ. ಸರಿಯಾಗೇ ಇದೆ, ಮುಖಕ್ಕೆ, ಮಡಿಕೆಗಳಿಗೆ ತಜ್ಞರು ಅದನ್ನೇ ಬರೆಯುವುದುಂಟು ಎಂದರು. ಆಮೇಲೆ ಅದರ ಕಥೆ ಓದಿದೆ. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾದಿಂದ ಸಿಕ್ಕಿದ ವಸ್ತು. ಕಸಿ ಮಾಡಿದ ಯಕೃತ್ತು, ಮೂತ್ರಪಿಂಡಗಳನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುವ ಔಷಧ. ಅಷ್ಟು ದೊಡ್ಡ ಜಗಳಗಳನ್ನು ಬಿಡಿಸುವ ಯಜಮಾನನನ್ನು ನಾನು ಎಡಹುಬ್ಬಿನ ತಂಟೆಗೆ ಕರೆಸಿದ್ದೆ.

ಮೊದಲ ರಾತ್ರಿ ಮುಖ ತೊಳೆದು ಒರೆಸಿಕೊಂಡ ಕೂಡಲೇ ಹಚ್ಚಿದೆ. ಹತ್ತು ನಿಮಿಷಕ್ಕೆ ಉರಿ ಶುರು. ನಿಂಬೆರಸದ ನೆನಪಾಯಿತು. "ಮೊದಲ ವಾರ ಉರಿಯುತ್ತೆ, ಹೆದರಿ ಬಿಡಬೇಡಿ" ಎಂದು ಡಾಕ್ಟರು ಹೇಳಿರದಿದ್ದರೆ ಅವತ್ತೇ ಅದನ್ನು ಕಿಟಕಿಯಿಂದಾಚೆ ಎಸೆಯುತ್ತಿದ್ದೆ. ಒದ್ದೆ ಚರ್ಮಕ್ಕೆ ಹಚ್ಚಿದರೆ ಉರಿ ಜಾಸ್ತಿ, ಮುಖ ಪೂರ್ತಿ ಆರುವವರೆಗೆ ಕಾಯಬೇಕು ಎಂಬ ಮಾತನ್ನು ನಾನೇ ಮರೆತಿದ್ದೆ. ಮರುದಿನದಿಂದ ಅರ್ಧ ಗಂಟೆ ಕಾದು ಹಚ್ಚಿದೆ. ಎಂಟನೇ ದಿನಕ್ಕೆ ಉರಿ ನಿಂತಿತು. ಪ್ರಮಾಣವನ್ನೂ ಕಲಿತೆ. ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಮುಖ, ಕತ್ತು ಪೂರ್ತಿಗೇ ಅಂಥ ಎರಡೂವರೆ ಸಾಕು. ನನ್ನ ಹುಬ್ಬು, ಮೂಗಿಗೆ ಕಡಲೆಕಾಳಿನಷ್ಟು ಬೇಕಾದೀತು. ನಾನು ಮೊದಲು ಟೂತ್‌ಪೇಸ್ಟ್ ಹಾಕುವ ಹಾಗೆ ಹಾಕುತ್ತಿದ್ದೆ.

ನಾಲ್ಕು ದಿನದ ಪವಾಡ ಈ ಸಲ ನಡೆಯಲಿಲ್ಲ. ಸ್ಟೀರಾಯ್ಡ್‌ನ ಕೆಂಪು ಇಳಿಯಲು ಎರಡು ತಿಂಗಳು ಹಿಡಿಯಿತು. ಆ ದಿನಗಳಲ್ಲಿ ಸ್ಟಾಫ್ ರೂಮಿನಲ್ಲಿ ಒಬ್ಬರು, ನಾನು ಕೈ ಒರೆಸಿದ ಟವೆಲನ್ನು ಎರಡು ಬೆರಳಲ್ಲಿ ಎತ್ತಿ ಬೇರೆ ಗೂಟಕ್ಕೆ ಹಾಕಿದರು. ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ಮರುದಿನದಿಂದ ಕರ್ಚೀಫ್ ಒಯ್ದೆ. ಈಗ ನೆನೆಸಿಕೊಂಡರೆ ಅವರಿಗಿಂತ ನನ್ನ ಮೇಲೇ ಸಿಟ್ಟು ಬರುತ್ತದೆ. ಅಂಟುವುದಿಲ್ಲ ಎಂಬ ಒಂದು ಮಾತಿಗೆ ಎಷ್ಟು ಉಸಿರು ಬೇಕಿತ್ತು?

ಈಗ ವರ್ಷದ ಹೆಚ್ಚಿನ ದಿನ ಮುಖ ತಿಳಿಯಾಗಿರುತ್ತದೆ. ಪರೀಕ್ಷೆಯ ಪೇಪರ್ ತಿದ್ದುವ ಹೊತ್ತಿಗೆ, ನಿದ್ದೆಗೆಟ್ಟ ವಾರಗಳಲ್ಲಿ, ಒಣಚಳಿಯಲ್ಲಿ ತಪ್ಪದೆ ಮರಳುತ್ತದೆ. ಎಡಹುಬ್ಬಿನ ಕೊನೆಯಲ್ಲಿ ನವೆ ಎದ್ದ ದಿನವೇ ಮುಲಾಮು ಶುರು ಮಾಡುತ್ತೇನೆ, ಇಳಿದ ಮೇಲೆ ಡಾಕ್ಟರು ಹೇಳಿದ ಹಾಗೆ ವಾರಕ್ಕೆರಡು ದಿನಕ್ಕೆ ತರುತ್ತೇನೆ. ಕೆರೆಯುವುದನ್ನು ಬಿಟ್ಟಿದ್ದೇನೆ ಎಂದರೆ ಹೆಂಡತಿ ನಗುತ್ತಾಳೆ. ಕಡಿಮೆ ಮಾಡಿದ್ದೇನೆ.

ಈ ನಡುವೆ ಶಾಲೆಗೆ ಬಿಳಿ ಬೋರ್ಡು, ಮಾರ್ಕರ್ ಪೆನ್ನು ಬಂದವು. ಎಲ್ಲರಿಗೂ ಖುಷಿ, ನನಗೊಬ್ಬನಿಗೆ ಕಸಿವಿಸಿ. ಚಾಕ್‌ಪೀಸಿಲ್ಲದ ಶಾಲೆಯಲ್ಲಿ ಚಾಕ್‌ಪೀಸ್ ಪುಡಿ ಎಲ್ಲಿಂದ ಬರಬೇಕು? ಹೋದ ಪರೀಕ್ಷೆಯ ಸಮಯದಲ್ಲಿ ಆ ಪ್ರಶ್ನೆ ಬಂದೇಬಿಟ್ಟಿತು.

"ಸರ್, ಹುಬ್ಬಲ್ಲಿ ಏನೋ ಬೆಳ್ಳಗಿದೆ." ಈ ಸಲ ಕೊನೆ ಬೆಂಚಿನ ಹುಡುಗ.

ಕೈ ತಾನೇ ಹುಬ್ಬಿಗೆ ಹೋಯಿತು. ಅರ್ಧ ದಾರಿಯಲ್ಲಿ ನಿಲ್ಲಿಸಿದೆ. "ಅದು ಸೋರಿಯಾಸಿಸ್ ಅಂತ, ಒಂದು ಚರ್ಮದ ಕಾಯಿಲೆ. ಮುಟ್ಟಿದ್ರೆ ಅಂಟಲ್ಲ" ಎಂದೆ. ಕ್ಲಾಸು ಒಂದು ಕ್ಷಣ ಸುಮ್ಮನಾಯಿತು. ಒಬ್ಬಳು ಕೈ ಎತ್ತಿ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ಕೇಳಿದಳು. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಗ್ರೀಕಿನಲ್ಲಿ ತುರಿಕೆ ಎಂಬರ್ಥದ ಪದದಿಂದ ಬಂದದ್ದು, ಮೊದಲ ಅಕ್ಷರ ಪಿ, ಆದರೆ ಅದನ್ನು ಉಚ್ಚರಿಸುವುದಿಲ್ಲ ಎಂದೆ.

"ಹೇಳೋದೇ ಇಲ್ಲ ಅಂದ್ಮೇಲೆ ಯಾಕೆ ಸರ್ ಬರೀಬೇಕು?" ಎಂದ ಕೊನೆ ಬೆಂಚಿನವನು.

ಇಂಗ್ಲಿಷ್ ಮೇಡಂ ಹತ್ರ ಕೇಳು ಎಂದು ಹೇಳಿ ಬೋರ್ಡು ಒರೆಸಿದೆ. ಚೂರೂ ಪುಡಿ ಏಳಲಿಲ್ಲ.