ತಾರಸಿಯ ಮೇಲಿನ ಎರಡು ಕಡ್ಡಿ ಸಿಗ್ನಲ್

2023ರ ಆಗಸ್ಟ್ ತಿಂಗಳ ಒಂದು ಬೆಳಗ್ಗೆ ದೆಹಲಿಯಿಂದ ಹೊರಟ ವಿಮಾನ ಲೇಹ್‌ನಲ್ಲಿ ಇಳಿದಾಗ, ಉಳಿದೆಲ್ಲ ಪ್ರಯಾಣಿಕರಂತೆ ನಾನೂ ಮೊದಲು ಮಾಡಿದ ಕೆಲಸವೆಂದರೆ ಫೋನಿನ ಏರೋಪ್ಲೇನ್ ಮೋಡ್ ತೆಗೆದದ್ದು. ಹಾಸನದಲ್ಲಿ ಅಮ್ಮ ಫೋನಿನ ಪಕ್ಕದಲ್ಲೇ ಕುಳಿತಿರುತ್ತಾಳೆಂದು ಗೊತ್ತಿತ್ತು. ಪರದೆಯ ಮೂಲೆಯಲ್ಲಿ ಸಿಗ್ನಲ್ಲಿನ ಕಡ್ಡಿಗಳು ಒಂದು ಕ್ಷಣ ಮೂಡಿದಂತೆ ಕಂಡು ಮರುಕ್ಷಣ ಮಾಯವಾದವು, ಅವುಗಳ ಜಾಗದಲ್ಲಿ ‘ತುರ್ತು ಕರೆಗಳು ಮಾತ್ರ’ ಎಂಬ ಸಾಲು ಬಂದು ನಿಂತಿತು. ಫೋನನ್ನು ಆರಿಸಿ ಹಚ್ಚಿದೆ, ಸಿಮ್ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದೆ. ಪಕ್ಕದಲ್ಲಿದ್ದ ಅಕ್ಕ ಅಷ್ಟು ಹೊತ್ತಿಗೆ ಅಮ್ಮನೊಂದಿಗೆ ಮಾತನಾಡಿ ಮುಗಿಸಿ, ನನ್ನ ಕಡೆ ನೋಡಿ, “ನಾನು ಹೇಳಿದ್ದೆ ತಾನೇ?” ಎಂದಳು.

ಹೇಳಿದ್ದಳು, ಅದು ನಿಜ. ಹೊರಡುವ ತಿಂಗಳ ಮೊದಲೇ, ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಮಾಡಿಸಿಕೋ ಎಂದು ಎರಡು ಸಲ ನೆನಪಿಸಿದ್ದಳು. ನಾನು ಮಾತ್ರ 84 ದಿನಗಳ ರೀಚಾರ್ಜ್ ಮಾಡಿಸಿ, ಅದರ ವಿವರದಲ್ಲಿ ದೇಶದಾದ್ಯಂತ ರೋಮಿಂಗ್ ಉಚಿತವೆಂದು ಬರೆದದ್ದನ್ನು ಓದಿ ನಿಶ್ಚಿಂತೆಯಿಂದಿದ್ದೆ. ಲಡಾಖ್ ದೇಶದೊಳಗೇ ಇದೆಯಲ್ಲ ಎಂಬುದು ನನ್ನ ವಾದ.

ಈ ವಾದಕ್ಕೆ ಒಂದು ಹಿನ್ನೆಲೆಯಿತ್ತು. ನಮ್ಮ ಪ್ರಾಯದವರಿಗೆ ರೋಮಿಂಗ್ ಎಂಬ ಮಾತು ಚೆನ್ನಾಗಿ ನೆನಪಿದೆ. ರೈಲು ಕರ್ನಾಟಕದ ಗಡಿ ದಾಟಿ ಗುಂತಕಲ್ ಕಡೆಗೆ ತಿರುಗಿದೊಡನೆ ಒಳಬರುವ ಕರೆಗೂ ದುಡ್ಡು ಕಡಿತವಾಗುತ್ತಿದ್ದ ಕಾಲ ಅದು, ಯಾರಾದರೂ ಕರೆ ಮಾಡಿದರೆ ‘ರೋಮಿಂಗಿನಲ್ಲಿದ್ದೇನೆ, ಇಡು’ ಎಂದು ಗಡಿಬಿಡಿಯಿಂದ ಕತ್ತರಿಸುತ್ತಿದ್ದೆವು. ದೂರಸಂಪರ್ಕದ ಲೆಕ್ಕದಲ್ಲಿ ದೇಶವನ್ನು 22 ವೃತ್ತಗಳಾಗಿ ಹಂಚಿದ್ದಾರೆ, ಕರ್ನಾಟಕ ಅದರಲ್ಲಿ ಒಂದು. 2016–17ರ ಆಸುಪಾಸಿನಲ್ಲಿ ಕಂಪನಿಗಳು ಒಂದರ ಹಿಂದೆ ಒಂದರಂತೆ ರೋಮಿಂಗ್ ಶುಲ್ಕವನ್ನು ಕೈಬಿಟ್ಟ ಮೇಲೆ ಈ ವೃತ್ತಗಳ ಗೆರೆಗಳು ನಮ್ಮ ನೆನಪಿನಿಂದಲೇ ಅಳಿಸಿಹೋದವು. ಕನ್ಯಾಕುಮಾರಿಯಲ್ಲೂ ಕೋಲ್ಕತ್ತದಲ್ಲೂ ಅದೇ ಸಿಮ್, ಅದೇ ಡೇಟಾ. ಆದರೆ ಲಡಾಖ್ ಕೂಡ ಸೇರಿರುವ ಜಮ್ಮು–ಕಾಶ್ಮೀರ ವೃತ್ತದಲ್ಲಿ ಆ ಗೆರೆ ಆಗಲೂ ಹಾಗೆಯೇ ಉಳಿದಿತ್ತು. ಅಲ್ಲಿಗೆ ಮೊಬೈಲ್ ಬಂದದ್ದೇ ತಡವಾಗಿ, 2003ರಲ್ಲಿ; 2009ರ ನವೆಂಬರಿನಲ್ಲಿ ಭದ್ರತೆಯ ಕಾರಣ ಕೊಟ್ಟು ಪ್ರಿಪೇಯ್ಡ್ ಸೇವೆಯನ್ನೇ ಸರ್ಕಾರ ನಿಲ್ಲಿಸಿತ್ತು, ಮುಂದಿನ ಜನವರಿಯಲ್ಲಿ ಸ್ಥಳೀಯರಿಗೆ ಬಿಗಿಯಾದ ಪರಿಶೀಲನೆಯೊಂದಿಗೆ ಮರಳಿ ಕೊಟ್ಟಿತು. ಹೊರ ರಾಜ್ಯಗಳ ಪ್ರಿಪೇಯ್ಡ್ ಸಿಮ್ಮುಗಳಿಗೆ ಮಾತ್ರ ನಾವು ಹೋದಾಗಲೂ ಬಾಗಿಲು ಮುಚ್ಚಿಯೇ ಇತ್ತು. 2019ರ ಅಕ್ಟೋಬರ್ 31ರಂದು ಲಡಾಖ್ ಪ್ರತ್ಯೇಕ ಕೇಂದ್ರಾಡಳಿತ ಪ್ರದೇಶವಾದರೂ ಈ ನಿಯಮ ಅದರ ಬೆನ್ನು ಬಿಡಲಿಲ್ಲ. ಇದನ್ನೆಲ್ಲ ನಾನು ಓದಿಕೊಂಡದ್ದು ಲೇಹ್‌ನ ಹೋಟೆಲಿನ ವೈ–ಫೈಯಲ್ಲಿ, ಹೊದ್ದುಕೊಂಡು ಮಲಗಿ. ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಊರಾದ್ದರಿಂದ ಮೊದಲ ಎರಡು ದಿನ ಅಲ್ಲಿಯ ಗಾಳಿಗೆ ಮೈ ಒಗ್ಗಲೆಂದು ಸುಮ್ಮನೆ ಬಿದ್ದುಕೊಂಡಿರಬೇಕು, ಓದುವುದಕ್ಕೆ ಬೇಕಾದಷ್ಟು ಸಮಯವಿತ್ತು.

ವೈ–ಫೈ ಇದ್ದಷ್ಟು ಹೊತ್ತು ಕೊರತೆಯೇನೂ ಕಾಣಲಿಲ್ಲ. ವಾಟ್ಸಾಪ್ ಎಂದಿನಂತೆ ನಡೆಯುತ್ತಿತ್ತು, ಯುಪಿಐ ಕೂಡ ತಕರಾರಿಲ್ಲದೆ ಹಣ ಕಳಿಸುತ್ತಿತ್ತು. ಟ್ಯಾಕ್ಸಿಗೆ ಮುಂಗಡ ಕೊಟ್ಟದ್ದು ಹಾಗೆಯೇ. ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ ಅದು ಫೋನಿನೊಳಗೆ ಇದ್ದರೆ ಆಪ್‌ಗೆ ಸಾಕಾಗುತ್ತದೆ ಎಂಬ ಸೂಕ್ಷ್ಮ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಮುಂದಿನ ಪ್ರಮಾದ ಮಾಡುತ್ತಿರಲಿಲ್ಲ.

ಎರಡನೆಯ ದಿನ ಸಂಜೆ ಮೇನ್ ಬಜಾರಿನ ಒಂದು ಸಣ್ಣ ಅಂಗಡಿಗೆ ಹೋಗಿ ಸ್ಥಳೀಯ ಪ್ರಿಪೇಯ್ಡ್ ಸಿಮ್ ಕೇಳಿದೆ. ಅಂಗಡಿಯ ಹುಡುಗ ಆಧಾರ್ ಕೇಳಿ, ನನ್ನನ್ನು ಗೋಡೆಗೆ ಒರಗಿ ನಿಲ್ಲಿಸಿ ಫೋಟೋ ತೆಗೆದು, ನಾಳೆ ಬೆಳಗ್ಗೆ ಚಾಲೂ ಆಗುತ್ತದೆ ಎಂದು ಹಿಂದಿಯಲ್ಲಿ ಹೇಳಿದ. ನಾವು ನುಬ್ರಾ ಕಣಿವೆಗೆ ಹೋಗುವವರೆಂದು ತಿಳಿದು, ಅಕ್ಕನ ಪೋಸ್ಟ್‌ಪೇಯ್ಡ್ ಯಾವ ಕಂಪನಿಯದೆಂದು ವಿಚಾರಿಸಿ, “ಅದು ಲೇಹ್‌ನಲ್ಲಿ ರಾಜ, ಘಾಟಿ ದಾಟಿದರೆ ಫಕೀರ” ಎಂದು ನಕ್ಕ. ಯಾವ ಊರಿನಲ್ಲಿ ಯಾವ ಟವರ್ ಎಂಬುದು ಅಲ್ಲಿಯವರಿಗೆಲ್ಲ ಬಾಯಿಪಾಠ. ನಮ್ಮ ಕಡೆ ಯಾವ ಊರಿಗೆ ಎಷ್ಟು ಹೊತ್ತಿಗೆ ಬಸ್ಸಿದೆ ಎಂದು ಹೇಳುವಷ್ಟು ಸಲೀಸಾಗಿ ಅವರು ಅದನ್ನು ಹೇಳುತ್ತಾರೆ.

ನನ್ನ ಫೋನಿನ ಸಿಮ್ ಟ್ರೇಯಲ್ಲಿ ಎರಡೇ ಕಿಂಡಿಗಳು, ಒಂದರಲ್ಲಿ ಸಿಮ್, ಇನ್ನೊಂದರಲ್ಲಿ ಮೆಮೊರಿ ಕಾರ್ಡ್. ಹೊಸ ಸಿಮ್ ಹಾಕಬೇಕೆಂದರೆ ಎರಡರಲ್ಲಿ ಒಂದನ್ನು ತೆಗೆಯಬೇಕು. ಕಾರ್ಡಿನಲ್ಲಿ ಫೋಟೋಗಳಿದ್ದವು, ಹಳೆಯ ಸಿಮ್ ಹೇಗಿದ್ದರೂ ಸತ್ತುಬಿದ್ದಿದೆ ಎಂದು ಅದನ್ನೇ ಹೊರತೆಗೆದು, ಕಾಗದದ ಚೂರಿನಲ್ಲಿ ಸುತ್ತಿ ಪರ್ಸಿನಲ್ಲಿಟ್ಟೆ. ಮೂರನೆಯ ದಿನ ಬೆಳಗ್ಗೆ ಹೊಸ ಸಿಮ್‌ಗೆ ಜೀವ ಬಂದು, ಕಡ್ಡಿಗಳು ಮೂಡಿ, 4ಜಿ ಎಂಬ ಅಕ್ಷರ ಕಂಡಾಗ ಆದ ಸಂತೋಷ ಅಷ್ಟಿಷ್ಟಲ್ಲ. ಹೋಟೆಲಿನ ಲೆಕ್ಕ ತೀರಿಸಲು ಯುಪಿಐ ಆಪ್ ತೆರೆದೆ. ಸಿಮ್ ಬದಲಾಗಿದೆ, ಮತ್ತೆ ಪರಿಶೀಲಿಸಬೇಕು ಎಂದು ಅದು ಕೇಳಿತು. ನಾನು ಹಿಂದುಮುಂದು ನೋಡದೆ ‘ಮುಂದುವರಿಸಿ’ ಎಂಬುದನ್ನು ಒತ್ತಿದೆ.

ಆ ಗುಂಡಿ ಒತ್ತಿದ ಮೇಲೆ ನನಗೆ ತಿಳಿದದ್ದಿಷ್ಟು: ಬ್ಯಾಂಕಿನ ಖಾತೆಗೆ ಯಾವ ನಂಬರು ಜೋಡಣೆಯಾಗಿದೆಯೋ ಅದೇ ಸಿಮ್ಮಿನಿಂದ ಆಪ್ ತಾನಾಗಿ ಒಂದು ಎಸ್‌ಎಂಎಸ್ ಕಳಿಸುತ್ತದೆ, ಆ ಸಂದೇಶ ಬ್ಯಾಂಕಿಗೆ ತಲುಪಿದರೆ ಮಾತ್ರ ಫೋನಿಗೂ ಖಾತೆಗೂ ಗಂಟು ಬೀಳುತ್ತದೆ. ಹಳೆಯ ಸಿಮ್ ಮರಳಿ ಹಾಕಿ ನೋಡಿದೆ. ಗಂಟು ಆಗಲೇ ಬಿಚ್ಚಿಹೋಗಿತ್ತು, ಹೊಸದಾಗಿ ಕಟ್ಟಲು ಎಸ್‌ಎಂಎಸ್ ಹೋಗಬೇಕು, ಎಸ್‌ಎಂಎಸ್ ಹೋಗಲು ಆ ಸಿಮ್ಮಿಗೆ ಟವರ್ ಪ್ರವೇಶ ಕೊಡಬೇಕು, ಟವರ್ ಕೊಡುವುದಿಲ್ಲ. ಎಟಿಎಂ ಕಾರ್ಡಿನಿಂದ ಆನ್‌ಲೈನಿನಲ್ಲಿ ಕೊಡೋಣವೆಂದರೆ ಒಟಿಪಿ ಬರುವುದೂ ಅದೇ ನಂಬರಿಗೆ. ಡೇಟಾ ಬೇಕಾದಷ್ಟಿತ್ತು, ಖಾತೆಯಲ್ಲಿ ದುಡ್ಡೂ ಇತ್ತು, ಎರಡರ ನಡುವಿನ ಸೇತುವೆಯನ್ನು ನಾನೇ ಕೈಯಾರೆ ಕಿತ್ತು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಅಕ್ಕನಿಗೆ ಯುಪಿಐ ಮೇಲೆ ಮೊದಲಿನಿಂದಲೂ ನಂಬಿಕೆಯಿಲ್ಲ, ಖಾತೆಗೆ ಅದನ್ನು ಜೋಡಿಸಿಯೇ ಇಲ್ಲ. ಹೋಟೆಲಿಗೆ ಅವಳು ನಗದು ಕೊಟ್ಟಳು. ಹೊರಗೆ ಟ್ಯಾಕ್ಸಿ ಬಂದು ನಿಂತಿತ್ತು, ದಾರಿಯಲ್ಲಿ ಎಟಿಎಂ ಸಿಗುತ್ತದೆಂದು ಚಾಲಕ ಭರವಸೆ ಕೊಟ್ಟ, ಹೊರಟೆವು.

ಲೇಹ್‌ನಿಂದ ಖರ್ದುಂಗ್ ಲಾ ಘಾಟಿ ಸುಮಾರು 40 ಕಿಲೋಮೀಟರ್. ದಾರಿ ಏರುತ್ತಾ ಹೋದಂತೆ ಇಬ್ಬರ ಫೋನಿನಲ್ಲೂ ಕಡ್ಡಿಗಳು ಇಳಿದು ಕಡೆಗೆ ಇಲ್ಲವಾದವು. ನೆತ್ತಿಯಲ್ಲಿ ನಿಂತ ಹಳದಿ ಫಲಕದ ಮುಂದೆ ಫೋಟೋ ತೆಗೆಸಿಕೊಳ್ಳಲು ಸಾಲು ನಿಂತಿತ್ತು; ಅದರ ಮೇಲೆ 18,380 ಅಡಿ ಎಂದು ಬರೆದಿತ್ತು. ಬೆಂಗಳೂರಿನಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಂಡಿದ್ದೆ, ಇಡೀ ಪ್ರಯಾಣದಲ್ಲಿ ನಾನು ಮಾಡಿದ ಒಂದೇ ಜಾಣ ಕೆಲಸ ಅದು. ಜಿಪಿಎಸ್ ಉಪಗ್ರಹಗಳ ಸಂಕೇತವನ್ನು ನೇರವಾಗಿ ಹಿಡಿಯುವುದರಿಂದ ಅದಕ್ಕೆ ಡೇಟಾ ಬೇಕಿಲ್ಲ. ಡೇಟಾ ಇದ್ದರೆ ಬೇಗ ಹಿಡಿಯುತ್ತದೆ, ಇಲ್ಲದಿದ್ದರೆ ಸ್ವಲ್ಪ ತಡ. ಎರಡು ನಿಮಿಷ ಫೋನನ್ನು ಆಕಾಶಕ್ಕೆ ಒಡ್ಡಿ ನಿಂತ ಮೇಲೆ ಅದು ತೋರಿಸಿದ ಎತ್ತರ 5,350 ಮೀಟರಿನ ಆಸುಪಾಸು, ಅಂದರೆ ಹದಿನೇಳೂವರೆ ಸಾವಿರ ಅಡಿ. ಸರ್ವೇಕ್ಷಣೆಗಳು ಹೇಳುವ 5,359 ಮೀಟರಿಗೆ ಅದು ಸರಿಯಾಗಿಯೇ ಇತ್ತು. ಫಲಕ ಸುಮಾರು ಎಂಟುನೂರು ಅಡಿ ಹೆಚ್ಚು ಹೇಳುತ್ತದೆ ಎಂದು ಅಕ್ಕನಿಗೆ ಸಂಭ್ರಮದಿಂದ ವಿವರಿಸಿದೆ. ಅವಳಿಗೆ ತಲೆ ಸಿಡಿಯುತ್ತಿತ್ತು, “ಮೊದಲು ಇಳಿಯೋಣ ಬಾ” ಎಂದಳು.

ಘಾಟಿ ಇಳಿದು ನುಬ್ರಾದ ದಿಸ್ಕಿತ್ ತಲುಪಿದಾಗ ಎಟಿಎಂ ಮುಚ್ಚಿತ್ತು. ಅಲ್ಲಿಂದ ಮುಂದೆ ಹುಂದರ್ ಎಂಬ ಹಳ್ಳಿಯಲ್ಲಿ ಒಂದು ಹೋಮ್‌ಸ್ಟೇಯಲ್ಲಿ ಎರಡು ರಾತ್ರಿ. ಪಾಪ್ಲರ್ ಮರಗಳ ನಡುವೆ ಮಣ್ಣಿಟ್ಟಿಗೆಯ ಎರಡಂತಸ್ತಿನ ಮನೆ. ಯಜಮಾನಿತಿಯನ್ನು ಎಲ್ಲರೂ ‘ಅಮಾ–ಲೇ’ ಎನ್ನುತ್ತಿದ್ದರು, ಅಮ್ಮನವರೇ ಎಂದಂತೆ, ನಾವೂ ಹಾಗೆಯೇ ಕರೆದೆವು. ಮನೆಯೊಳಗೆ ಯಾವ ಕಂಪನಿಯ ಸಿಗ್ನಲ್ಲೂ ಇರಲಿಲ್ಲ. ಅಂಗಡಿಯ ಹುಡುಗ ಹೇಳಿದಂತೆ ಅಕ್ಕನ ಪೋಸ್ಟ್‌ಪೇಯ್ಡ್ ಅಲ್ಲಿ ಪೂರ್ತಿ ಫಕೀರ. ಎರಡನೆಯ ದಿನ ಸಂಜೆ ಲೆಕ್ಕ ಹಾಕಿದಾಗ ಕೊಡಬೇಕಾದದ್ದು 4,000 ರೂಪಾಯಿ, ಇಬ್ಬರ ಪರ್ಸನ್ನೂ ಕೊಡವಿದಾಗ ಸಿಕ್ಕಿದ್ದು 1,700. ಅಮಾ–ಲೇಗೆ ಅದೇನೂ ದೊಡ್ಡ ಸಂಗತಿಯೆನಿಸಲಿಲ್ಲ, ಲೇಹ್‌ಗೆ ಹೋಗಿ ಕಳಿಸಿ ಎಂದರು. ನನಗೆ ಮನಸ್ಸು ಒಪ್ಪಲಿಲ್ಲ. ಬಾಕಿ ಉಳಿಸಿ ಹೋಗುವುದೆಂದರೆ ನಮ್ಮ ಮನೆಯವರಿಗೆ ಯಾರಿಗೂ ನಿದ್ದೆ ಹತ್ತುವುದಿಲ್ಲ. ಫೋನ್ ಎಲ್ಲಿ ಹಿಡಿಯುತ್ತದೆ ಎಂದು ಕೇಳಿದೆ. ಅವರು ಬೆರಳನ್ನು ಮೇಲಕ್ಕೆ ತೋರಿಸಿದರು.

ಮರದ ಏಣಿ ಹತ್ತಿ ತಾರಸಿಗೆ ಹೋದರೆ ಕಾಲಿಡಲು ಜಾಗವಿರಲಿಲ್ಲ. ಏಪ್ರಿಕಾಟ್ ಸುಗ್ಗಿಯ ಕಾಲ. ಬೀಜ ತೆಗೆದ ಹಣ್ಣುಗಳನ್ನು ಗೋಡೆಯಿಂದ ಗೋಡೆಯವರೆಗೆ ಬಟ್ಟೆಯ ಮೇಲೆ ಹರವಿದ್ದರು, ನಮ್ಮಲ್ಲಿ ಹಪ್ಪಳ ಹರವಿದ ಹಾಗೆ, ನಡುವೆ ಒಬ್ಬರು ನಡೆಯುವಷ್ಟು ಓಣಿ. ಓಣಿ ಮುಗಿಯುವ ಮೂಲೆಯಲ್ಲಿ ಪ್ರಾರ್ಥನಾ ಪತಾಕೆಯ ಕೋಲು, ಆ ಕೋಲಿಗೆ ಎದೆಯೆತ್ತರದಲ್ಲಿ ಅರ್ಧಕ್ಕೆ ಕತ್ತರಿಸಿದ ಪ್ಲಾಸ್ಟಿಕ್ ಬಾಟಲಿಯೊಂದನ್ನು ತಂತಿಯಿಂದ ಬಿಗಿದಿದ್ದರು. ಅದು ಮನೆಯ ಟೆಲಿಫೋನ್ ಬೂತ್. ಫೋನನ್ನು ಅದರೊಳಗೆ ನಿಲ್ಲಿಸಿದರೆ ಎರಡು ಕಡ್ಡಿ, ಕೈಗೆ ತೆಗೆದುಕೊಂಡು ಒಂದು ಹೆಜ್ಜೆ ಈಚೆ ಬಂದರೆ ಸೊನ್ನೆ. ನನ್ನ ಹೊಸ ಸಿಮ್ ಹಾಕಿದ್ದ ಫೋನನ್ನು ಅದರೊಳಗೆ ಇಟ್ಟು, ಬಗ್ಗಿ ನಿಂತು ಬೆಂಗಳೂರಿನ ತಮ್ಮನಿಗೆ ವಾಟ್ಸಾಪಿನಲ್ಲಿ ಬರೆದೆ: ಅಮಾ–ಲೇಯವರ ನಂಬರಿಗೆ 2,300 ಹಾಕು, ಕಾರಣ ಆಮೇಲೆ ಹೇಳುತ್ತೇನೆ. ಒಂದೇ ಗುರುತು ಬಿದ್ದು ಬಹಳ ಹೊತ್ತು ಹಾಗೆಯೇ ಇತ್ತು, ಆಮೇಲೆ ಎರಡಾಯಿತು. ಅವನ ಉತ್ತರ ಬಂತು: “ನೀನು ನಿಜವಾಗಿ ನೀನೇನಾ? ನಮ್ಮ ಹಳೇ ನಾಯಿಯ ಹೆಸರು ಹೇಳು.” ಹಾಸನದ ಮನೆಯಲ್ಲಿ ಮೂವತ್ತು ವರ್ಷದ ಹಿಂದಿದ್ದ ನಾಯಿಯ ಹೆಸರನ್ನು ಹುಂದರಿನ ತಾರಸಿಯ ಮೇಲೆ ನಿಂತು ಟೈಪ್ ಮಾಡಿದೆ. ಅವನ ಅನುಮಾನಕ್ಕೆ ನಾನು ಬೇಸರಪಡಲಿಲ್ಲ, ಬ್ಯಾಂಕಿನ ಆಪ್‌ಗಿಂತ ಅವನದು ಸುಲಭದ ಪರೀಕ್ಷೆ.

ನನ್ನ ಫೋನ್ ತೆಗೆದು ಅಮಾ–ಲೇಯವರ ಫೋನನ್ನು ಬಾಟಲಿಯಲ್ಲಿ ಇಟ್ಟೆವು. ಅವರು ಕುಕ್ಕರಗಾಲಿನಲ್ಲಿ ಕುಳಿತು ಹಣ್ಣುಗಳನ್ನು ಮಗುಚಿ ಹಾಕತೊಡಗಿದರು, ನಾನೂ ಪಕ್ಕದಲ್ಲಿ ಕುಳಿತೆ. ಅವರಿಗೆ ತಿಳಿದ ಹಿಂದಿ ನನ್ನ ಹಿಂದಿಯಷ್ಟೇ ಕುಂಟು, ಹಾಗಾಗಿ ಇಬ್ಬರಿಗೂ ಸಂಕೋಚವಿರಲಿಲ್ಲ. 2019ರಲ್ಲಿ ಪಕ್ಕದ ಕಾರ್ಗಿಲ್‌ನಲ್ಲಿ 145 ದಿನ ಇಂಟರ್ನೆಟ್ ಇಲ್ಲದೆ ಜನ ಕಳೆದದ್ದನ್ನು ಲೇಹ್‌ನಲ್ಲಿ ಓದಿದ್ದು ನೆನಪಾಯಿತು, ನನ್ನ ಎರಡು ದಿನದ ಪರದಾಟದ ಬಗ್ಗೆ ಕೊಂಚ ನಾಚಿಕೆಯೂ ಆಯಿತು. ಅಷ್ಟರಲ್ಲಿ ಬಾಟಲಿ ಗುಂಯ್‌ಗುಟ್ಟಿತು. ಅವರ ಕೈಯೆಲ್ಲ ಅಂಟು, ಓದು ಎಂದು ನನಗೇ ಸನ್ನೆ ಮಾಡಿದರು. ಬ್ಯಾಂಕಿನ ಇಂಗ್ಲಿಷ್ ಸಂದೇಶವನ್ನು ಓದಿ ಹಿಂದಿಯಲ್ಲಿ ಹೇಳಿದೆ, 2,300 ಬಂದಿದೆ. ಅವರು ತಲೆಯಾಡಿಸಿ ಒಂದು ಹಿಡಿ ಹಣ್ಣನ್ನು ನನ್ನ ಕೈಗೆ ಹಾಕಿದರು.

ಅಮ್ಮನೊಂದಿಗೆ ಮಾತನಾಡದೆ ಆಗಲೇ ಒಂದೂವರೆ ದಿನವಾಗಿತ್ತು. ಅವಳದು ಕೀಪ್ಯಾಡ್ ಫೋನ್, ವಾಟ್ಸಾಪ್ ಇಲ್ಲ, ಕರೆಯೇ ಮಾಡಬೇಕು. ಫೋನನ್ನು ಬಾಟಲಿಯಲ್ಲಿಟ್ಟು ಸ್ಪೀಕರ್ ಹಾಕಿ ಕರೆ ಮಾಡಿದೆ. ಎರಡು ರಿಂಗ್ ಆಗಿ ಕಟ್ ಆಯಿತು. ಟವರಿನ ತೊಂದರೆಯೆಂದುಕೊಂಡು ಮತ್ತೆ ಮಾಡಿದೆ, ಮತ್ತೆ ಕಟ್. ನಾಲ್ಕನೆಯ ಸಲವೂ ಹಾಗೆಯೇ ಆದಾಗ ಹೊಳೆಯಿತು: ಗುರುತಿಲ್ಲದ ನಂಬರ್ ಬಂದರೆ ಎತ್ತಲೇಬೇಡ, ದುಡ್ಡು ಲಪಟಾಯಿಸುವವರಿರುತ್ತಾರೆ ಎಂದು ಅವಳಿಗೆ ಕಟ್ಟುನಿಟ್ಟಾಗಿ ಹೇಳಿಕೊಟ್ಟವಳು ನಾನೇ. ಅತ್ತ ಅವಳು ನನ್ನ ಹಳೆಯ ನಂಬರಿಗೆ ಎಷ್ಟು ಸಲ ಮಾಡಿ, ‘ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಕನ್ನಡದ ಹೆಣ್ಣುದನಿಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದಳೋ. ತಮ್ಮನಿಗೆ ಮತ್ತೆ ಬರೆದೆ, ಅಮ್ಮನಿಗೆ ಫೋನ್ ಮಾಡಿ ಈ ನಂಬರ್ ಎತ್ತಲು ಹೇಳು ಎಂದು. ಹತ್ತು ನಿಮಿಷ ಕಾದು, ಬೆಟ್ಟದ ನೆರಳು ತಾರಸಿಯನ್ನು ಅರ್ಧ ಮುಚ್ಚುವ ಹೊತ್ತಿಗೆ ಐದನೆಯ ಸಲ ಕರೆ ಮಾಡಿದೆ. ಬಹಳ ಹೊತ್ತು ರಿಂಗ್ ಆಯಿತು. ಕೊನೆಗೆ ಬಾಟಲಿಯೊಳಗಿಂದ, ಹುಟ್ಟಿದಾಗಿನಿಂದ ಕನ್ನಡ ಬಿಟ್ಟು ಬೇರೆ ಮಾತು ಆಡದ ಅಮ್ಮನ ದನಿ ಬಹಳ ಎಚ್ಚರಿಕೆಯಿಂದ ಕೇಳಿತು:

“ಕೌನ್?”