ಫೀಸಿಗಿಂತ ಮೊದಲು ವಾರ್ಡು ಎಲ್ಲಿದೆ ಎಂದು ಕೇಳಿ

ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿಯಾಗಿರುವುದರಿಂದ, ಪ್ರತಿ ವರ್ಷ ದ್ವಿತೀಯ ಪಿಯುಸಿ ಫಲಿತಾಂಶ ಬಂದ ವಾರದಲ್ಲಿ ಸೇಡಂ, ಶಹಾಪುರದ ಕಡೆಯ ನೆಂಟರ ಫೋನುಗಳು ತಪ್ಪದೆ ಬರುತ್ತವೆ. ನೀಟ್‌ನಲ್ಲಿ ಅಂಕ ಸಾಲಲಿಲ್ಲ, ಮಗಳು ಮಾತ್ರ ದವಾಖಾನೆಯ ಕೆಲಸವನ್ನೇ ಮಾಡುತ್ತೇನೆ ಎನ್ನುತ್ತಾಳೆ, ಯಾವುದಕ್ಕೆ ಹಾಕೋಣ ಎಂಬುದೇ ಎಲ್ಲರ ಪ್ರಶ್ನೆ. ಈ ಸಲ ಚಿತ್ತಾಪುರ ತಾಲ್ಲೂಕಿನಿಂದ ನನ್ನ ಅಣ್ಣನೇ ಮಗಳನ್ನು ಕರೆದುಕೊಂಡು ಬಂದಿದ್ದ. ಅವನ ಅಂಗಿಯ ಜೇಬಿನಲ್ಲಿ ನಾಲ್ಕು ಮಡಿಕೆಯ ಕರಪತ್ರವೊಂದಿತ್ತು. ಒಂದೇ ವರ್ಷದ ನರ್ಸಿಂಗ್ ತರಬೇತಿ, ನೌಕರಿ ಖಾತ್ರಿ ಎಂದು ಅದರಲ್ಲಿ ದಪ್ಪ ಅಕ್ಷರಗಳಲ್ಲಿ ಅಚ್ಚಾಗಿತ್ತು.

ಅಂಥ ಕರಪತ್ರವನ್ನು ನಮ್ಮ ಮನೆಯವರು ಹಿಂದೆಯೂ ನಂಬಿದ್ದರು. ನನ್ನ ಚಿಕ್ಕಪ್ಪನ ಮಗಳು ತೊಗರಿ ಮಾರಿದ ಹಣ ಕಟ್ಟಿ ಅದೇ ಬಗೆಯ ಕೋರ್ಸು ಮುಗಿಸಿ, ಬಿಳಿ ಕೋಟು ತೊಟ್ಟು ಖಾಸಗಿ ನರ್ಸಿಂಗ್ ಹೋಮೊಂದರಲ್ಲಿ ಆಯಾ ಪಡೆಯುವಷ್ಟೇ ಸಂಬಳಕ್ಕೆ ದುಡಿದಳು. ಸರ್ಕಾರಿ ಹುದ್ದೆಗೆ ಅರ್ಜಿ ಹಾಕಲು ಕುಳಿತಾಗ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಎಂಬ ಖಾಲಿ ಜಾಗ ಎದುರಾಯಿತು. ಅವಳ ಬಳಿ ತುಂಬಲು ಏನೂ ಇರಲಿಲ್ಲ. ಆ ಸಂಸ್ಥೆ ಅವಳಿಗೆ ಹೇಳಿದ್ದು ಪೂರ್ತಿ ಸುಳ್ಳಲ್ಲ, ಪ್ರಮಾಣಪತ್ರವನ್ನು ಕೊಟ್ಟಿತ್ತು. ಆದರೆ ಅದನ್ನು ಒಪ್ಪುವ ಪರಿಷತ್ತು ಯಾವುದೂ ಇರಲಿಲ್ಲ.

ಆದ್ದರಿಂದ ಕೋರ್ಸಿನ ಹೆಸರು ಕೇಳಿದ ಕೂಡಲೇ ನಾನು ಎರಡು ಪ್ರಶ್ನೆ ಕೇಳುತ್ತೇನೆ: ಪರೀಕ್ಷೆ ನಡೆಸುವವರು ಯಾರು, ಮುಗಿದ ಮೇಲೆ ನೋಂದಣಿ ಮಾಡಿಕೊಳ್ಳುವವರು ಯಾರು? ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಪದವಿ. ನಮ್ಮ ರಾಜ್ಯದ ಬಹುತೇಕ ಕಾಲೇಜುಗಳಿಗೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೇ ಪರೀಕ್ಷೆ ನಡೆಸುತ್ತದೆ, ಸೇರಲು ಪಿಯುಸಿಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಓದಿರಬೇಕು. ಜಿ.ಎನ್.ಎಂ., ಅಂದರೆ ಜನರಲ್ ನರ್ಸಿಂಗ್ ಅಂಡ್ ಮಿಡ್‌ವೈಫರಿ, 3 ವರ್ಷದ ಡಿಪ್ಲೊಮಾ. ಕಲಾ, ವಾಣಿಜ್ಯ ಓದಿದವರಿಗೂ ತೆರೆದಿದೆ. ಎರಡರಲ್ಲಿ ಯಾವುದನ್ನು ಮುಗಿಸಿದವರೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿ ನೋಂದಾಯಿಸಿಕೊಳ್ಳುತ್ತಾರೆ. ಜಿ.ಎನ್.ಎಂ. ಎಂದರೆ ಕೈಲಾಗದವರ ದಾರಿ ಎಂದು ನಮ್ಮವರು ಮೂಗು ಮುರಿಯುವುದು ಅನ್ಯಾಯ. ನನ್ನ ಜೊತೆ ರಾತ್ರಿ ಪಾಳಿಯಲ್ಲಿ ಇರುವವರಲ್ಲಿ ಅತ್ಯಂತ ನಂಬಿಕೆಗೆ ಅರ್ಹರಾದ ಇಬ್ಬರು ಅದನ್ನೇ ಓದಿದವರು, ಅವರಲ್ಲೊಬ್ಬರು ಆಮೇಲೆ, ಡಿಪ್ಲೊಮಾ ಮುಗಿಸಿದವರಿಗೆಂದೇ ಇರುವ 2 ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಪದವಿ ಮಾಡಿಕೊಂಡರು. ಆದರೂ ವಿಜ್ಞಾನ ಓದಿ, ನಾಲ್ಕು ವರ್ಷ ಮನೆ ನಡೆಯುವಷ್ಟು ಆಧಾರವಿರುವ ಹುಡುಗಿಗೆ ಪದವಿಯೇ ಮೇಲು. ಪಾಠ ಹೇಳುವ ಕೆಲಸಕ್ಕಾಗಲೀ ಎಂ.ಎಸ್ಸಿ.ಗಾಗಲೀ ಅದು ನೇರ ದಾರಿ.

ಪ್ರಯೋಗಾಲಯ, ಕ್ಷ-ಕಿರಣ, ಡಯಾಲಿಸಿಸ್, ಶಸ್ತ್ರಚಿಕಿತ್ಸಾ ಕೊಠಡಿಯ ತಂತ್ರಜ್ಞರ ಕೆಲಸಕ್ಕೂ ಡಿಪ್ಲೊಮಾ ಮತ್ತು ಪದವಿ ಎರಡೂ ಇವೆ. ಈ ವೃತ್ತಿಗಳಿಗಾಗಿ 2021ರಲ್ಲಿ ಕೇಂದ್ರದ ಪ್ರತ್ಯೇಕ ಕಾಯ್ದೆ ಬಂದಿರುವುದರಿಂದ, ಗಲ್ಲಿಯಲ್ಲಿ ಆರು ತಿಂಗಳ ಲ್ಯಾಬ್ ಕೋರ್ಸು ಮಾಡಿಕೊಂಡವರಿಗೆ ಮುಂದಿನ ದಿನಗಳು ಸುಲಭವಲ್ಲ. ಔಷಧ ಅಂಗಡಿಯ ಮೇಲೆ ಮನಸ್ಸಿದ್ದವರಿಗೆ 2 ವರ್ಷದ ಫಾರ್ಮಸಿ ಡಿಪ್ಲೊಮಾ (ಡಿ.ಫಾರ್ಮ್) ಸಾಕು, ಅಣ್ಣನ ಮಗಳಿಗೆ ಅದರಲ್ಲಿ ಆಸಕ್ತಿಯಿರಲಿಲ್ಲ.

ಮಾನ್ಯತೆಯ ಕಾಗದ ಸರಿಯಿದ್ದರೂ ಕಾಲೇಜು ಚೆನ್ನಾಗಿರಬೇಕೆಂದಿಲ್ಲ. ನರ್ಸಿಂಗ್ ಕಾಲೇಜಿಗೆ ಕನಿಷ್ಠ 100 ಹಾಸಿಗೆಯ ತನ್ನದೇ ಆಸ್ಪತ್ರೆ (ಪೇರೆಂಟ್ ಹಾಸ್ಪಿಟಲ್) ಇರಬೇಕೆಂದು ಭಾರತೀಯ ಶುಶ್ರೂಷಾ ಪರಿಷತ್ತು ನಿಯಮ ಮಾಡಿರುವುದು ಸುಮ್ಮನೆ ಅಲ್ಲ: ಅಭಿಧಮನಿಗೆ ಸೂಜಿ ಹಾಕುವುದನ್ನು, ಹೆರಿಗೆ ನೋವಿನಲ್ಲಿರುವ ಹೆಂಗಸಿನ ಕೈ ಹಿಡಿದುಕೊಂಡೇ ಮಗುವಿನ ಹೃದಯಬಡಿತ ಎಣಿಸುವುದನ್ನು ಗೊಂಬೆಯ ಮೇಲೆ ಒಂದು ಮಟ್ಟದವರೆಗೆ ಮಾತ್ರ ಕಲಿಯಬಹುದು. ಕೆಲವು ಕಾಲೇಜುಗಳ ಆಸ್ಪತ್ರೆಯಲ್ಲಿ ಹಾಸಿಗೆ ಇರುತ್ತವೆ, ರೋಗಿಗಳಿರುವುದಿಲ್ಲ. ತಪಾಸಣೆಯ ದಿನ ಮಾತ್ರ ಎಲ್ಲಿಂದಲೋ ಬಂದು ಮಲಗಿರುತ್ತಾರೆ. ಇದನ್ನು ನಾನು ಕೇಳಿ ಹೇಳುತ್ತಿಲ್ಲ, ಓದುವ ದಿನಗಳಲ್ಲಿ ನೋಡಿದ್ದೇನೆ. ಇದಕ್ಕಾಗಿಯೇ ಮುನ್ಸೂಚನೆ ಕೊಡದೆ, ಮಂಗಳವಾರವೋ ಬುಧವಾರವೋ ಮಧ್ಯಾಹ್ನದ ಹೊತ್ತಿಗೆ ಹೋಗಿ ವಾರ್ಡಿನಲ್ಲಿ ಒಂದು ಸುತ್ತು ಹಾಕಬೇಕು.

ನಮ್ಮ ಭಾಗದವರು ಮರೆತುಬಿಡುವ ಇನ್ನೊಂದು ಕಾಗದವಿದೆ. ಸಂವಿಧಾನದ 371(ಜೆ) ವಿಧಿಯ ಪ್ರಕಾರ ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಶೇ 70ರಷ್ಟು, ಹೊರಗಿನ ಜಿಲ್ಲೆಗಳ ಸಂಸ್ಥೆಗಳಲ್ಲಿ ಶೇ 8ರಷ್ಟು ಸೀಟುಗಳು ಈ ಭಾಗದವರಿಗೆ ಮೀಸಲಿವೆ. ಅದಕ್ಕೆ ಸಹಾಯಕ ಆಯುಕ್ತರ ಕಚೇರಿಯ ಅರ್ಹತಾ ಪ್ರಮಾಣಪತ್ರ ಬೇಕು. ಈಗ ಬಿ.ಎಸ್ಸಿ. ನರ್ಸಿಂಗ್‌ಗೂ ಸಿಇಟಿ ಬರೆದೇ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಸರ್ಕಾರಿ ಸೀಟು ಪಡೆಯಬೇಕಾಗಿರುವಾಗ, ದಾಖಲೆ ಪರಿಶೀಲನೆಯ ಹಿಂದಿನ ದಿನ ಆ ಪ್ರಮಾಣಪತ್ರಕ್ಕಾಗಿ ಸೇಡಂಗೆ ಓಡಿದ ತಂದೆಯರನ್ನು ನಾನು ಕಂಡಿದ್ದೇನೆ. ಅಣ್ಣನ ಪುಣ್ಯ, ಅವನು ಅದನ್ನು ಮಗಳು ಎಸ್ಸೆಸ್ಸೆಲ್ಸಿಯಲ್ಲಿದ್ದಾಗಲೇ ಮಾಡಿಸಿಟ್ಟಿದ್ದ.

ಅವಳ ಭಯ ಮಾತ್ರ ಬೇರೆಯಿತ್ತು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ತನಗೆ ಇಂಗ್ಲಿಷಿನ ಅಂಗರಚನಾಶಾಸ್ತ್ರದ ಪುಸ್ತಕ ತಲೆಗೆ ಹತ್ತುತ್ತದೆಯೇ ಎಂದು ಮೆಲ್ಲಗೆ ಕೇಳಿದಳು. ಮೊದಲ ವರ್ಷ ಅದು ನಿಜಕ್ಕೂ ಕಾಡುತ್ತದೆ, ಕಾಡುವುದಿಲ್ಲ ಎಂದು ನಾನು ಹೇಳಲಿಲ್ಲ. ಆದರೆ ಆಳಂದದ ಕಡೆಯಿಂದ ಮರಾಠಿ, ಸೇಡಂ ಗಡಿಯಿಂದ ತೆಲುಗು, ನಗರದೊಳಗಿಂದ ದಖ್ಖನಿ ಮಾತಾಡುವ ರೋಗಿಗಳು ಒಂದೇ ವಾರ್ಡಿನಲ್ಲಿ ಮಲಗಿರುವ ಈ ಊರಿನಲ್ಲಿ, ಅವಳು ಸಂತೆಯಲ್ಲಿ ಕಲಿತ ಮೂರು ಭಾಷೆ ಎಷ್ಟು ಕೆಲಸಕ್ಕೆ ಬರುತ್ತದೆಂಬುದನ್ನು ಯಾವ ಪ್ರವೇಶ ಪರೀಕ್ಷೆಯೂ ಅಳೆಯುವುದಿಲ್ಲ.

ಮರುದಿನ ಮೂವರೂ ಎರಡು ಕಾಲೇಜುಗಳಿಗೆ ಹೋದೆವು. ಮೊದಲನೆಯದರಲ್ಲಿ ನಮಗೆ ಹವಾನಿಯಂತ್ರಿತ ಸಭಾಂಗಣವನ್ನೂ ಬಸ್ಸುಗಳನ್ನೂ ತೋರಿಸಿದರು. ವಾರ್ಡು ಯಾವ ಕಡೆ ಎಂದು ಅಣ್ಣ ಕೇಳಿದಾಗ ಅದು ಇನ್ನೊಂದು ಕಟ್ಟಡ, ಈಗ ಸಮಯವಲ್ಲ ಎಂದರು. ಎರಡನೆಯದರ ಗೋಡೆಗಳಿಗೆ ಬಣ್ಣ ಬಳಿದು ಬಹಳ ವರ್ಷವಾಗಿತ್ತು, ಆದರೆ ಹೆರಿಗೆ ವಾರ್ಡಿನ ಹೊರಗೆ ಜನ ನೆಲದ ಮೇಲೂ ಕುಳಿತಿದ್ದರು. ಅಲ್ಲಿ ಟ್ರೇ ಹಿಡಿದು ಬರುತ್ತಿದ್ದ ಮೂರನೇ ವರ್ಷದ ವಿದ್ಯಾರ್ಥಿನಿಯನ್ನು ಅಣ್ಣನ ಮಗಳು ತಡೆದು, ಇದುವರೆಗೆ ಎಷ್ಟು ಹೆರಿಗೆ ನೋಡಿದ್ದೀರಿ ಎಂದು ಕೇಳಿದಳು. ಆಕೆ ಲೆಕ್ಕ ಹಾಕಲು ನಿಂತು, ಒಳಗಿನಿಂದ ಸಿಸ್ಟರ್ ಕರೆದದ್ದು ಕೇಳಿ, ಉತ್ತರ ಹೇಳದೆಯೇ ಒಳಗೆ ಹೋದಳು. "ಅತ್ತಿ, ಕಾಲೇಜುಗಳ ಪಟ್ಟಿಯೊಳಗ ಇದನ್ನೇ ಮೊದಲು ಬರೆಯೂನು" ಎಂದು ನಮ್ಮ ಹುಡುಗಿ ಹೇಳಿದ್ದು ಆಗ. ಅಣ್ಣನಿಗೆ ಹಾಸ್ಟೆಲಿನ ಊಟದ ವಿಚಾರ ಕೇಳುವುದು ಇನ್ನೂ ಬಾಕಿಯಿತ್ತು.